ಎಂಡೋಸಲ್ಫಾನ್: ಕಾನೂನು ಇತ್ತು, ಹೆಲಿಕಾಪ್ಟರೂ ಹಾರಿತು

ಕೀಟನಾಶಕದ ಡಬ್ಬಿಯ ಮೇಲೆ ಒಂದು ವಜ್ರಾಕಾರದ ಗುರುತು ಇರುತ್ತದಲ್ಲ, ಕೆಳಗಿನ ಅರ್ಧದಲ್ಲಿ ಕೆಂಪು, ಹಳದಿ, ನೀಲಿ ಅಥವಾ ಹಸಿರು ಬಣ್ಣ? ಅದರ ಹಿಂದೆ ಒಂದು ದುರಂತ ಇದೆ. 1958ರಲ್ಲಿ ಕೇರಳದಲ್ಲಿ ನೂರಕ್ಕೂ ಹೆಚ್ಚು ಜನ ಊಟ ಮಾಡಿ ಸತ್ತರು. ಹಡಗಿನಲ್ಲಿ ಗೋಧಿ ಹಿಟ್ಟಿನ ಜೊತೆಗೇ ಫಾಲಿಡಾಲ್ ಎಂಬ ಕೀಟನಾಶಕವನ್ನೂ ತಂದಿದ್ದರು. ಅದು ಸೋರಿ ಹಿಟ್ಟಿಗೆ ಬೆರೆತಿತ್ತು. ತನಿಖೆಗೆ ನ್ಯಾಯಮೂರ್ತಿ ಜೆ.ಸಿ. ಶಾ ಆಯೋಗ ಬಂತು. ಹತ್ತು ವರ್ಷದ ನಂತರ, 1968ರಲ್ಲಿ, ಕೀಟನಾಶಕ ಕಾಯ್ದೆ ಬಂತು. 1971ರ ನಿಯಮಗಳಲ್ಲಿ ಈ ಬಣ್ಣಗಳು ಸೇರಿದವು.

ಬಣ್ಣ ಹೇಳುವುದು ಒಂದೇ ವಿಷಯ: ಎಷ್ಟು ಪ್ರಮಾಣ ಒಳಗೆ ಹೋದರೆ ಜೀವ ಹೋಗುತ್ತದೆ. ಆ ವಿಷ ಮಣ್ಣಿನಲ್ಲಿ ಎಷ್ಟು ಕಾಲ ಉಳಿಯುತ್ತದೆ, ನೀರಿನ ಜೊತೆ ಎಲ್ಲಿಗೆ ಹೋಗುತ್ತದೆ, ಮೈಯ ಕೊಬ್ಬಿನಲ್ಲಿ ಹೇಗೆ ಸೇರುತ್ತದೆ ಎಂಬುದನ್ನು ಹೇಳುವುದಿಲ್ಲ. ತಕ್ಷಣ ಕೊಲ್ಲುವ ವಿಷಕ್ಕೆಂದು ಮಾಡಿದ ಕಾನೂನಿನ ಕೈಗೆ ನಿಧಾನದ ವಿಷ ಸಿಕ್ಕಾಗ ಏನಾಗುತ್ತದೆ ಅನ್ನುವುದಕ್ಕೆ ಎಂಡೋಸಲ್ಫಾನ್‌ಗಿಂತ ಹತ್ತಿರದ ಉದಾಹರಣೆ ನಮಗೆ ಬೇರೆ ಇಲ್ಲ.

ಕಾಸರಗೋಡಿನ ಗುಡ್ಡಗಳಲ್ಲಿ ಕೇರಳ ಸರ್ಕಾರದ ಪ್ಲಾಂಟೇಶನ್ ಕಾರ್ಪೊರೇಶನ್ ಗೇರು ತೋಟ ಮಾಡಿತ್ತು. ಗೇರಿನ ಚಿಗುರು, ಹೂ ಕರಟಿಸುವ ಟೀ ಸೊಳ್ಳೆಗೆಂದು ಎಪ್ಪತ್ತರ ದಶಕದ ಕೊನೆಯಿಂದ 2000ದವರೆಗೆ ಹೆಲಿಕಾಪ್ಟರ್‌ನಿಂದ ಎಂಡೋಸಲ್ಫಾನ್ ಸಿಂಪಡಿಸಲಾಯಿತು. ಇತ್ತ ದಕ್ಷಿಣ ಕನ್ನಡದಲ್ಲೂ ನಮ್ಮದೇ ಗೇರು ಅಭಿವೃದ್ಧಿ ನಿಗಮ ಇದನ್ನೇ ಮಾಡಿತು. ಕೊಕ್ಕಡ, ಪಟ್ರಮೆ, ನಿಡ್ಲೆ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಸಿಂಪಡಿಸುವುದಕ್ಕೂ ನಿಯಮಗಳಿದ್ದವು. ಹೆಲಿಕಾಪ್ಟರ್ ಮರದ ತಲೆಗೆ ತೀರಾ ಹತ್ತಿರ ಹಾರಬೇಕು. ಮೊದಲೇ ಜನರಿಗೆ ತಿಳಿಸಬೇಕು. ಬಾವಿ, ಕೆರೆಗಳಂಥ ತೆರೆದ ನೀರಿನ ಮೂಲಗಳನ್ನು ಮುಚ್ಚಬೇಕು. ಬಾವಿಗೆ ಮಡಲು ಹೊದಿಸಬಹುದು ಅನ್ನೋಣ. ತೋಡಿಗೆ ಏನು ಹೊದಿಸುತ್ತೀರಿ? ಎಣ್ಮಕಜೆ ಪಂಚಾಯಿತಿಯ ಪಡ್ರೆ ಕಡೆಯ ಜನ ಕುಡಿಯುವುದು ಸುರಂಗದ ನೀರು. ಗುಡ್ಡದ ಮುರಕಲ್ಲನ್ನು ಅಡ್ಡಕ್ಕೆ ಕೊರೆದು, ಒಳಗಿಂದ ಜಿನುಗುವ ನೀರನ್ನು ಹೊರಗೆ ಹರಿಸಿಕೊಳ್ಳುತ್ತಾರೆ. ಗುಡ್ಡದ ಮೇಲೆ ಬಿದ್ದದ್ದು ಮಳೆಯ ಜೊತೆ ಇಳಿಯುವುದು ಅದೇ ಇಳಿಜಾರಿನಲ್ಲಿ. ನಿಯಮ ಬರೆದವರು ಈ ನಾಡನ್ನು ನೋಡಿರಲಿಲ್ಲ ಎಂದೇ ಅನಿಸುತ್ತದೆ.

ಮೊದಲು ಗಮನಿಸಿದವರು ಅಧಿಕಾರಿಗಳಲ್ಲ. ಕರುಗಳು ಸೊಟ್ಟ ಕಾಲಿನಿಂದ ಹುಟ್ಟುತ್ತಿರುವುದನ್ನು ಕೃಷಿಕ ಪತ್ರಕರ್ತ ಶ್ರೀ ಪಡ್ರೆ ಬರೆದರು. ವಾಣಿನಗರದ ವೈದ್ಯ ಡಾ. ವೈ.ಎಸ್. ಮೋಹನ್ ಕುಮಾರ್ ಒಂದೇ ಊರಲ್ಲಿ ಬುದ್ಧಿಮಾಂದ್ಯ, ಅಂಗವೈಕಲ್ಯ, ಕ್ಯಾನ್ಸರ್ ಇಷ್ಟೊಂದು ಯಾಕೆ ಎಂದು ಕೇಳುತ್ತ ಬಂದರು. ಪೆರಿಯದ ಲೀಲಾಕುಮಾರಿ ಅಮ್ಮ ಕೃಷಿ ಇಲಾಖೆಯ ನೌಕರೆ. ಅವರು ಕೋರ್ಟಿಗೆ ಹೋಗಿ, 1998ರಲ್ಲಿ ಹೊಸದುರ್ಗದ ಮುನ್ಸಿಫ್ ಕೋರ್ಟಿನಿಂದ ಆಕಾಶದ ಸಿಂಪಡಣೆಗೆ ತಡೆ ತಂದರು. (ಚಿತ್ರದುರ್ಗದ ಹೊಸದುರ್ಗವಲ್ಲ, ಕಾಞಂಗಾಡಿನದು.) ದೊಡ್ಡ ದೊಡ್ಡ ಸಮಿತಿಗಳಿಗಿಂತ ಮೊದಲು ಕೆಲಸ ಮಾಡಿದ್ದು ಈ ಸಣ್ಣ ಕೋರ್ಟು.

ಸಮಿತಿಗಳಿಗೇನೂ ಕಡಿಮೆ ಇರಲಿಲ್ಲ. 1991ರಲ್ಲೇ ಬ್ಯಾನರ್ಜಿ ಸಮಿತಿ, ನದಿ, ಕೆರೆ, ಸಮುದ್ರದ ಹತ್ತಿರ ಎಂಡೋಸಲ್ಫಾನ್ ಬಳಸಬಾರದು ಎಂದಿತ್ತು. ಇದು ಮೀನಿಗೆ ಭಾರೀ ವಿಷ. ಹಾಗಿದ್ದೂ ತೋಡುಗಳ ನಾಡಿನ ಮೇಲೆ ಇನ್ನೂ ಒಂಬತ್ತು ವರ್ಷ ಹೆಲಿಕಾಪ್ಟರ್ ಹಾರಿತು. 2001ರಲ್ಲಿ ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರವು ಪಡ್ರೆಯ ನೀರು, ಮಣ್ಣು, ರಕ್ತ, ಎದೆಹಾಲಿನಲ್ಲಿ ಇದರ ಅಂಶ ಇದೆ ಎಂದಿತು. ಪ್ಲಾಂಟೇಶನ್ ಕಾರ್ಪೊರೇಶನ್ ತಾನೇ ಮಾಡಿಸಿದ ಪರೀಕ್ಷೆ ಹಾಗೇನಿಲ್ಲ ಎಂದಿತು. ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆ ಪಡ್ರೆಯ 117 ಶಾಲಾ ಹುಡುಗರನ್ನು ಬೇರೆ ಊರಿನ 90 ಹುಡುಗರ ಜೊತೆ ಹೋಲಿಸಿತು. ಸಿಂಪಡಣೆ ನಿಂತು ತಿಂಗಳುಗಳೇ ಕಳೆದಿದ್ದರೂ ಪಡ್ರೆಯ ಹುಡುಗರ ರಕ್ತದಲ್ಲಿ ಎಂಡೋಸಲ್ಫಾನ್ ಹೆಚ್ಚಿತ್ತು, ಪ್ರಾಯಕ್ಕೆ ಬರುವುದೂ ತಡವಾಗಿತ್ತು. ಆಮೇಲೆ ಕೇಂದ್ರದ ದುಬೆ ಸಮಿತಿ, ಕಾಯಿಲೆಗೂ ಔಷಧಿಗೂ ಸಂಬಂಧ ಸಾಬೀತಾಗಿಲ್ಲ ಎಂದಿತು. ಪ್ರತಿಯೊಬ್ಬ ರೋಗಿಯ ಕಾಯಿಲೆಗೂ ಇದೇ ಕಾರಣ ಎಂದು ತೋರಿಸುವುದು ಕಷ್ಟ, ಒಪ್ಪೋಣ. ಆದರೆ ಸಂಬಂಧ ಇಲ್ಲವೆಂದು ತೋರಿಸುವ ಹೊಣೆ ಮಾರುವವರ ಮೇಲೆ ಯಾಕೆ ಇರಲಿಲ್ಲ?

ಒಂದು ಕಾರಣ ಕಣ್ಣೆದುರೇ ಇದೆ. ಎಂಡೋಸಲ್ಫಾನ್ ತಯಾರಿಕೆಯಲ್ಲಿ ಭಾರತ ಜಗತ್ತಿಗೇ ಮುಂದಿತ್ತು. ತಯಾರಿಸುವವರಲ್ಲಿ ಕೇಂದ್ರ ಸರ್ಕಾರದ ಹಿಂದೂಸ್ತಾನ್ ಇನ್‌ಸೆಕ್ಟಿಸೈಡ್ಸ್ ಕೂಡ ಇತ್ತು. ತಯಾರಿಸುವವರು, ಸಿಂಪಡಿಸುವವರು, ವಿಚಾರಣೆ ಮಾಡುವವರು ಎಲ್ಲರೂ ಸರ್ಕಾರವೇ.

2011ರಲ್ಲಿ ಎಲ್ಲ ಒಟ್ಟಿಗೇ ನಡೆಯಿತು. ಫೆಬ್ರುವರಿಯಲ್ಲಿ ಕರ್ನಾಟಕ ನಿಷೇಧ ಹೇರಿತು. ಆದರೆ 1968ರ ಕಾಯ್ದೆಯ 27ನೇ ಸೆಕ್ಷನ್ ಪ್ರಕಾರ ರಾಜ್ಯ ಸರ್ಕಾರ ನಿಲ್ಲಿಸಬಹುದಾದದ್ದು 60 ದಿನ, ವಿಸ್ತರಿಸಿದರೆ ಮತ್ತೆ 30 ದಿನ ಮಾತ್ರ. ಶಾಶ್ವತವಾಗಿ ನಿಲ್ಲಿಸುವ ಅಧಿಕಾರ ಕೇಂದ್ರದ್ದು. ಏಪ್ರಿಲ್ ಕೊನೆಗೆ ಜಿನೀವಾದಲ್ಲಿ ಸ್ಟಾಕ್‌ಹೋಮ್ ಒಪ್ಪಂದದ ದೇಶಗಳು ಸೇರಿದವು. ಪ್ರಕೃತಿಯಲ್ಲಿ ಬೇಗ ಕರಗದ ವಿಷಗಳನ್ನು ಜಗತ್ತಿನಿಂದಲೇ ತೆಗೆಯಲು 2001ರಲ್ಲಿ ಆದ ಒಪ್ಪಂದ ಅದು. ಡಿಡಿಟಿ ಸೇರಿ 12 ರಾಸಾಯನಿಕಗಳಿಂದ ಶುರುವಾಗಿತ್ತು. ಎಂಡೋಸಲ್ಫಾನ್ ಸೇರಿಸಲು ಮೊದಲಿಂದ ವಿರೋಧಿಸುತ್ತಿದ್ದ ಭಾರತ, ಕೆಲವು ಬೆಳೆಗಳಿಗೆ ವಿನಾಯಿತಿ ಪಡೆದು ಒಪ್ಪಿತು. ಅದಾಗಿ ಎರಡು ವಾರಕ್ಕೆ, ಮೇ 13ರಂದು, ಡಿವೈಎಫ್‌ಐ ಹಾಕಿದ್ದ ಅರ್ಜಿಯ ಮೇಲೆ ಸುಪ್ರೀಂ ಕೋರ್ಟು ದೇಶಾದ್ಯಂತ ತಯಾರಿಕೆ, ಮಾರಾಟ, ಬಳಕೆ ಎಲ್ಲವನ್ನೂ ನಿಲ್ಲಿಸಿತು. ವಿನಾಯಿತಿಯ ಮಾತು ಅಲ್ಲಿಗೆ ಬಿತ್ತು. ಸಂತ್ರಸ್ತರಿಗೆ ಮೂರು ತಿಂಗಳಲ್ಲಿ ತಲಾ 5 ಲಕ್ಷ ರೂಪಾಯಿ ಕೊಡಬೇಕೆಂದು ಕೇರಳಕ್ಕೆ ಕೋರ್ಟು ಹೇಳಿದ್ದು 2017ರ ಜನವರಿಯಲ್ಲಿ. ನಮ್ಮಲ್ಲಿ ಕೊಕ್ಕಡ, ಕೊಯಿಲಗಳಲ್ಲಿ ಪಾಲನಾ ಕೇಂದ್ರಗಳು ಬಂದವು. ತಿಂಗಳ ಮಾಸಾಶನ ಅಂಗವೈಕಲ್ಯದ ಶೇಕಡಾವಾರು ಲೆಕ್ಕದ ಮೇಲೆ ನಿಂತಿದೆ. ಹಾಸಿಗೆ ಹಿಡಿದ ಮಗನ ಅಮ್ಮ ಆ ಲೆಕ್ಕಕ್ಕಾಗಿ ಸರ್ಟಿಫಿಕೇಟ್ ಮಾಡಿಸಿಕೊಳ್ಳಬೇಕು.

ಇನ್ನು ಇವತ್ತಿನ ನೀರು. ಕುಡಿಯುವ ನೀರಿನ ಭಾರತೀಯ ಮಾನದಂಡ ಐಎಸ್ 10500 ಪ್ರಕಾರ ಒಂದು ಲೀಟರಿನಲ್ಲಿ ಎಂಡೋಸಲ್ಫಾನ್ 0.4 ಮೈಕ್ರೊಗ್ರಾಂ ದಾಟಬಾರದು. ಒಂದು ಗ್ರಾಮನ್ನು ಹತ್ತು ಲಕ್ಷ ಭಾಗ ಮಾಡಿದರೆ ಒಂದು ಭಾಗ ಒಂದು ಮೈಕ್ರೊಗ್ರಾಂ. ಪಂಚಾಯಿತಿಯವರು ಹಿಡಿದು ಬರುವ ನೀರು ಪರೀಕ್ಷೆಯ ಕಿಟ್ ಫ್ಲೋರೈಡ್, ನೈಟ್ರೇಟ್, ಕಬ್ಬಿಣ, ಗಡಸುತನ ಇಂಥವನ್ನು ತೋರಿಸುತ್ತದೆ. ಕೀಟನಾಶಕವನ್ನು ತೋರಿಸುವುದಿಲ್ಲ. ಅದಕ್ಕೆ ದೊಡ್ಡ ಯಂತ್ರ ಇರುವ ಪ್ರಯೋಗಾಲಯವೇ ಬೇಕು. ನಿಮ್ಮ ಬಾವಿಯ ನೀರು ಕಳಿಸುವಾಗ ‘ಕೀಟನಾಶಕದ ಅಂಶ ನೋಡಿ’ ಎಂದು ಬೇರೆಯಾಗಿಯೇ ಬರೆದು ಕೇಳಬೇಕು. ಕೇಳದಿದ್ದರೆ ರಿಪೋರ್ಟಿನಲ್ಲಿ ಆ ಕಾಲಮ್ಮೇ ಇರುವುದಿಲ್ಲ.