ಟ್ರೇಸಿ ಚಾಪ್ಮನ್

ಟ್ರೇಸಿ ಚಾಪ್ಮನ್ (ಜನನ: ಮಾರ್ಚ್ 30, 1964) ಅಮೆರಿಕದ ಗಾಯಕಿ, ಗೀತರಚನೆಕಾರ್ತಿ ಹಾಗೂ ಗಿಟಾರ್ ವಾದಕಿ. 1988ರಲ್ಲಿ ಬಿಡುಗಡೆಯಾದ, ತಮ್ಮ ಹೆಸರನ್ನೇ ಹೊತ್ತ ಮೊದಲ ಆಲ್ಬಂನಿಂದ ಮತ್ತು ಅದರಲ್ಲಿನ 'ಫಾಸ್ಟ್ ಕಾರ್' ಹಾಡಿನಿಂದ ಅವರು ಜಗತ್ಪ್ರಸಿದ್ಧರಾದರು. ಬಡತನ, ವರ್ಣಭೇದ, ಸ್ತ್ರೀಯರ ಮೇಲಿನ ದೌರ್ಜನ್ಯ ಮುಂತಾದ ವಿಷಯಗಳನ್ನು ಸರಳವಾದ ಮಾತಿನಲ್ಲಿ, ಗಿಟಾರ್ ಪ್ರಧಾನವಾದ ಪಾಪ್ ರಾಗಗಳಲ್ಲಿ ಹಾಡಿದವರು ಅವರು. 1988ರಿಂದ 2008ರವರೆಗೆ ಎಂಟು ಸ್ಟುಡಿಯೊ ಆಲ್ಬಂಗಳನ್ನು ಹೊರತಂದಿದ್ದಾರೆ. ನಾಲ್ಕು ಗ್ರ್ಯಾಮಿ ಪ್ರಶಸ್ತಿಗಳು ಅವರಿಗೆ ಸಂದಿವೆ.

ಅವರ ಸಂಗೀತವನ್ನು ಸಾಮಾನ್ಯವಾಗಿ 'ಫೋಕ್' ಎಂದು ವರ್ಗೀಕರಿಸಲಾಗುತ್ತದೆ. ಇದನ್ನು 'ಜಾನಪದ' ಎಂದು ನೇರವಾಗಿ ಅನುವಾದಿಸಿಕೊಂಡರೆ ಕನ್ನಡದ ಓದುಗರಿಗೆ ತಪ್ಪು ಕಲ್ಪನೆ ಉಂಟಾಗಬಹುದು. ಬೀಸುವ ಪದ, ಸೋಬಾನೆ ಪದಗಳಂತೆ ಕರ್ತೃ ಯಾರೆಂದು ತಿಳಿಯದ, ಬಾಯಿಂದ ಬಾಯಿಗೆ ಹರಿದುಬಂದ ಪರಂಪರೆ ಇದಲ್ಲ. 1960ರ ದಶಕದಿಂದೀಚೆಗೆ ಅಮೆರಿಕದಲ್ಲಿ ಒಬ್ಬ ಕಲಾವಿದ ತಾನೇ ಬರೆದ ಹಾಡನ್ನು ಗಿಟಾರ್ ಮೀಟುತ್ತ ತಾನೇ ಹಾಡುವ ಶೈಲಿಗೂ ಈ ಹೆಸರು ಸಲ್ಲುತ್ತದೆ. ಚಾಪ್ಮನ್ ಈ ಎರಡನೆಯ ಅರ್ಥದಲ್ಲಿ ಫೋಕ್ ಗಾಯಕಿ.

ಬಾಲ್ಯ ಮತ್ತು ವಿದ್ಯಾಭ್ಯಾಸ

ಚಾಪ್ಮನ್ ಜನಿಸಿದ್ದು ಓಹಾಯೊ ರಾಜ್ಯದ ಕ್ಲೀವ್‌ಲ್ಯಾಂಡ್ ನಗರದಲ್ಲಿ. ಅವರಿಗೆ ನಾಲ್ಕು ವರ್ಷವಾಗಿದ್ದಾಗ ತಂದೆ-ತಾಯಿ ಬೇರೆಯಾದರು. ಆ ಬಳಿಕ ತಾಯಿಯೇ ಮಕ್ಕಳನ್ನು ಬೆಳೆಸಿದರು. ಕೈಯಲ್ಲಿ ಹೆಚ್ಚು ಹಣವಿಲ್ಲದಿದ್ದರೂ ಮಗಳ ಸಂಗೀತದ ಆಸಕ್ತಿಯನ್ನು ಗುರುತಿಸಿದ ತಾಯಿ, ಆಕೆಗೆ ಮೂರು ವರ್ಷವಾಗಿದ್ದಾಗಲೇ ಒಂದು ಯುಕುಲೇಲೆಯನ್ನು ಕೊಡಿಸಿದ್ದರು. ಎಂಟನೆಯ ವಯಸ್ಸಿಗೆ ಚಾಪ್ಮನ್ ಗಿಟಾರ್ ನುಡಿಸಲೂ ಹಾಡು ಕಟ್ಟಲೂ ಆರಂಭಿಸಿದರು. ಗಿಟಾರ್ ಕಡೆಗೆ ತಮ್ಮನ್ನು ಮೊದಲು ಸೆಳೆದದ್ದು 'ಹೀ ಹಾ' ಎಂಬ ಕಂಟ್ರಿ ಸಂಗೀತದ ದೂರದರ್ಶನ ಕಾರ್ಯಕ್ರಮವೆಂದು ಅವರೇ ಹೇಳಿಕೊಂಡಿದ್ದಾರೆ. ಬಿಳಿಯರ ಗ್ರಾಮೀಣ ಸಂಗೀತವೆಂದೇ ಪರಿಗಣಿತವಾದ ಕಂಟ್ರಿ ಪ್ರಕಾರದೊಂದಿಗಿನ ಈ ನಂಟು ಐದು ದಶಕಗಳ ನಂತರ ಅನಿರೀಕ್ಷಿತ ರೀತಿಯಲ್ಲಿ ಮರಳಿ ಬಂದಿತು.

'ಎ ಬೆಟರ್ ಚಾನ್ಸ್' ಎಂಬ ಸಂಸ್ಥೆ ಅಲ್ಪಸಂಖ್ಯಾತ ಸಮುದಾಯಗಳ ಪ್ರತಿಭಾವಂತ ಮಕ್ಕಳನ್ನು ಉತ್ತಮ ಖಾಸಗಿ ಶಾಲೆಗಳಿಗೆ ಸೇರಿಸುತ್ತದೆ. ಅದರ ನೆರವಿನಿಂದ ಚಾಪ್ಮನ್ ಕನೆಕ್ಟಿಕಟ್ ರಾಜ್ಯದ ಡ್ಯಾನ್‌ಬರಿಯಲ್ಲಿರುವ ವೂಸ್ಟರ್ ಶಾಲೆಗೆ ಸೇರಿದರು. ಕ್ಲೀವ್‌ಲ್ಯಾಂಡಿನ ಬಡ ಬಡಾವಣೆಯಿಂದ ಬಂದ ಬಾಲಕಿಗೆ ಅಲ್ಲಿನ ಶ್ರೀಮಂತ ಪರಿಸರವು ತೀರ ಹೊಸದಾಗಿತ್ತು. 'ಟಾಕಿನ್ ಬೌಟ್ ಎ ರೆವಲ್ಯೂಷನ್' ಹಾಡನ್ನು ಅವರು ಬರೆದದ್ದು ಶಾಲೆಯ ಈ ವರ್ಷಗಳಲ್ಲಿಯೇ, ಸುಮಾರು ಹದಿನಾರನೆಯ ವಯಸ್ಸಿನಲ್ಲಿ. ಅನಂತರ ಮ್ಯಾಸಚೂಸೆಟ್ಸ್‌ನ ಟಫ್ಟ್ಸ್ ವಿಶ್ವವಿದ್ಯಾಲಯದಲ್ಲಿ ಮಾನವಶಾಸ್ತ್ರವನ್ನು ಅಭ್ಯಸಿಸಿ ಪದವಿ ಪಡೆದರು.

ಬೀದಿಯಿಂದ ಸ್ಟುಡಿಯೊಗೆ

ವಿದ್ಯಾರ್ಥಿ ದೆಸೆಯಲ್ಲಿ ಚಾಪ್ಮನ್ ಕೇಂಬ್ರಿಜ್ ಪಟ್ಟಣದ ಹಾರ್ವರ್ಡ್ ಚೌಕದಲ್ಲಿ, ಬಾಸ್ಟನ್ನಿನ ನೆಲದಡಿಯ ರೈಲು ನಿಲ್ದಾಣಗಳಲ್ಲಿ ಮತ್ತು ಕಾಫಿ ಗೃಹಗಳಲ್ಲಿ ಹಾಡುತ್ತಿದ್ದರು. ಟಫ್ಟ್ಸ್‌ನ ಸಹಪಾಠಿ ಬ್ರಯನ್ ಕೊಪೆಲ್ಮನ್ (ಮುಂದೆ ಚಿತ್ರಕಥೆಗಾರರಾಗಿ ಹೆಸರಾದವರು) ಅವರನ್ನು ಗುರುತಿಸಿದ ಬಗೆ ಕುತೂಹಲಕರವಾಗಿದೆ. ಕೊಪೆಲ್ಮನ್ ಆಗ ದಕ್ಷಿಣ ಆಫ್ರಿಕದ ವರ್ಣಭೇದ ನೀತಿಯ ವಿರುದ್ಧ ಕ್ಯಾಂಪಸ್ಸಿನಲ್ಲಿ ಪ್ರತಿಭಟನೆಯೊಂದನ್ನು ಸಂಘಟಿಸುತ್ತಿದ್ದರು. ಅದರಲ್ಲಿ ಹಾಡಲು ತಕ್ಕವಳೊಬ್ಬಳಿದ್ದಾಳೆಂದು ಯಾರೋ ತಿಳಿಸಿದ್ದರಿಂದ ಕಾಫಿ ಗೃಹವೊಂದಕ್ಕೆ ಹೋಗಿ ಚಾಪ್ಮನ್ ಅವರ ಗಾಯನವನ್ನು ಕೇಳಿದರು. ಕೊಪೆಲ್ಮನ್ ಅವರ ತಂದೆ ಸಂಗೀತ ಪ್ರಕಾಶನ ಉದ್ಯಮದಲ್ಲಿ ಪ್ರಭಾವಿ ವ್ಯಕ್ತಿಯಾಗಿದ್ದರು. ಆದರೆ ಧ್ವನಿಮುದ್ರಣದ ಪ್ರಸ್ತಾಪಕ್ಕೆ ಚಾಪ್ಮನ್ ಮೊದಲು ಉತ್ಸಾಹ ತೋರಲಿಲ್ಲ. ಅವರು ತಮ್ಮ ಹಾಡುಗಳ ಹಕ್ಕನ್ನು ದಾಖಲಿಸಿಕೊಳ್ಳಲೆಂದು ವಿಶ್ವವಿದ್ಯಾಲಯದ ರೇಡಿಯೊ ಕೇಂದ್ರದಲ್ಲಿ ಮಾದರಿ ಮುದ್ರಣಗಳನ್ನು ಮಾಡಿಸಿಟ್ಟಿದ್ದರು. ಕೊಪೆಲ್ಮನ್ ಅಲ್ಲಿಂದ ಟೇಪೊಂದನ್ನು ಸದ್ದಿಲ್ಲದೆ ತಂದು ಪ್ರತಿ ಮಾಡಿಸಿ ತಂದೆಗೆ ಕೇಳಿಸಿದರು. ಹೀಗೆ ಎಲೆಕ್ಟ್ರಾ ಕಂಪನಿಯೊಂದಿಗಿನ ಒಪ್ಪಂದಕ್ಕೆ ದಾರಿಯಾಯಿತು. ಜೋನಿ ಮಿಚೆಲ್ ಮತ್ತು ನೀಲ್ ಯಂಗ್ ಅವರ ವ್ಯವಸ್ಥಾಪಕರಾಗಿದ್ದ ಎಲಿಯಟ್ ರಾಬರ್ಟ್ಸ್ ಇವರ ವ್ಯವಹಾರವನ್ನೂ ವಹಿಸಿಕೊಂಡರು.

ಸಿಂಥಸೈಜರ್ ಮತ್ತು ಯಂತ್ರ ತಾಳಗಳೇ ರಾರಾಜಿಸುತ್ತಿದ್ದ 1980ರ ದಶಕದ ಉತ್ತರಾರ್ಧದಲ್ಲಿ ಒಂಟಿ ಗಿಟಾರಿನ ಆಲ್ಬಂಗೆ ಮಾರುಕಟ್ಟೆ ಇದೆಯೆಂದು ನಂಬಿದವರು ವಿರಳ. ನಿರ್ಮಾಪಕ ಡೇವಿಡ್ ಕರ್ಶನ್‌ಬಾಮ್ ಈ ಕೆಲಸವನ್ನು ಒಪ್ಪಿಕೊಂಡು, ಹಾಲಿವುಡ್ಡಿನ ತಮ್ಮ ಸ್ಟುಡಿಯೊದಲ್ಲಿ ಸುಮಾರು ಎಂಟು ವಾರಗಳಲ್ಲಿ ಮುಗಿಸಿದರು. ಲ್ಯಾರಿ ಕ್ಲೈನ್ ಬಾಸ್ ಗಿಟಾರನ್ನೂ ಡೆನಿ ಫಾಂಗೈಸರ್ ಡ್ರಮ್ಸನ್ನೂ ನುಡಿಸಿದರು. ಆದರೆ ಎಲ್ಲ ವಾದ್ಯಗಳೂ ಚಾಪ್ಮನ್ ಅವರ ಕಂಠಕ್ಕೂ ಗಿಟಾರಿಗೂ ಹಿಂದೆಯೇ ನಿಲ್ಲುತ್ತವೆ. ಹನ್ನೊಂದು ಹಾಡುಗಳ ಈ ಆಲ್ಬಂ 1988ರ ಏಪ್ರಿಲ್ 5ರಂದು ಬಿಡುಗಡೆಯಾಯಿತು.

ವೆಂಬ್ಲಿ, ಜೂನ್ 11, 1988

ನೆಲ್ಸನ್ ಮಂಡೇಲಾ ಅವರ 70ನೆಯ ಹುಟ್ಟುಹಬ್ಬದ ಅಂಗವಾಗಿ ಲಂಡನ್ನಿನ ವೆಂಬ್ಲಿ ಕ್ರೀಡಾಂಗಣದಲ್ಲಿ ದಿನವಿಡೀ ಸಂಗೀತೋತ್ಸವವೊಂದು ನಡೆಯಿತು. ಮಂಡೇಲಾ ಆಗ ಇನ್ನೂ ಸೆರೆಮನೆಯಲ್ಲಿದ್ದರು. ಕಾರ್ಯಕ್ರಮವು 60ಕ್ಕೂ ಹೆಚ್ಚು ದೇಶಗಳಲ್ಲಿ ಪ್ರಸಾರವಾಯಿತು. ಹೊಸಬರಾದ ಚಾಪ್ಮನ್ ಅವರಿಗೆ ಹಗಲಿನಲ್ಲಿ ಸ್ವಲ್ಪ ಸಮಯ ಮಾತ್ರ ಮೀಸಲಾಗಿತ್ತು. ಅವರು ಹಾಡಿ ವೇದಿಕೆಯಿಂದ ಇಳಿದಿದ್ದರು.

ಸಂಜೆ ಸ್ಟೀವಿ ವಂಡರ್ ವೇದಿಕೆಯೇರಬೇಕಾದ ಹೊತ್ತಿಗೆ ಅವರ ಸಿಂಕ್ಲೇವಿಯರ್ ವಾದ್ಯದ ಹಾರ್ಡ್ ಡಿಸ್ಕ್ ಕಾಣೆಯಾಗಿರುವುದು ಗಮನಕ್ಕೆ ಬಂದಿತು. ಅವರ ಕಾರ್ಯಕ್ರಮದ ಇಪ್ಪತ್ತೈದು ನಿಮಿಷಗಳ ಸಂಗೀತವೆಲ್ಲ ಅದರಲ್ಲಿತ್ತು. ಅದಿಲ್ಲದೆ ನುಡಿಸಲಾಗದೆಂದು ಅವರು ದುಃಖದಿಂದ ಹೊರನಡೆದರು. ನೇರ ಪ್ರಸಾರದ ನಡುವೆ ಉಂಟಾದ ಈ ತೆರವನ್ನು ತಕ್ಷಣ ತುಂಬಬೇಕಿತ್ತು. ವಾದ್ಯವೃಂದವಾಗಲಿ ವಿಶೇಷ ಸಿದ್ಧತೆಯಾಗಲಿ ಬೇಕಿಲ್ಲದವರು, ಒಂದು ಮೈಕು ಮತ್ತು ಒಂದು ಗಿಟಾರ್ ಸಾಕೆನ್ನುವವರು ಚಾಪ್ಮನ್ ಒಬ್ಬರೇ. ಅವರನ್ನು ಮತ್ತೆ ಕರೆತರಲಾಯಿತು. ತುಂಬಿದ ಕ್ರೀಡಾಂಗಣದೆದುರು 'ಫಾಸ್ಟ್ ಕಾರ್' ಮತ್ತು 'ಅಕ್ರಾಸ್ ದ ಲೈನ್ಸ್' ಹಾಡುಗಳನ್ನು ಅವರು ಹಾಡಿದರು.

ಆ ನಂತರದ ವಾರಗಳಲ್ಲಿ ಆಲ್ಬಂನ ಮಾರಾಟ ಹಠಾತ್ತನೆ ಏರಿತು. ಬ್ರಿಟನ್ನಿನಲ್ಲಿಯೂ, ಆಗಸ್ಟ್ ತಿಂಗಳಲ್ಲಿ ಅಮೆರಿಕದ ಬಿಲ್‌ಬೋರ್ಡ್ ಪಟ್ಟಿಯಲ್ಲಿಯೂ ಅದು ಮೊದಲ ಸ್ಥಾನಕ್ಕೆ ಬಂದಿತು. 'ಫಾಸ್ಟ್ ಕಾರ್' ಬ್ರಿಟನ್ನಿನಲ್ಲಿ 5ನೆಯ, ಅಮೆರಿಕದಲ್ಲಿ 6ನೆಯ ಸ್ಥಾನವನ್ನು ತಲುಪಿತು. ಕಾಣೆಯಾದ ಒಂದು ಯಂತ್ರಭಾಗದಿಂದ ಚಾಪ್ಮನ್ ತಾರೆಯಾದರೆಂದು ಈ ಪ್ರಸಂಗವನ್ನು ಹೇಳುವುದುಂಟು. ಇದು ಅರ್ಧ ಮಾತ್ರ ನಿಜ. ಅವಕಾಶ ಆಕಸ್ಮಿಕವಾಗಿ ಬಂದಿತಾದರೂ, ಬೀದಿಯಲ್ಲಿ ಅಪರಿಚಿತರನ್ನು ನಿಲ್ಲಿಸಿ ಕೇಳಿಸುವ ವರ್ಷಗಳ ಅಭ್ಯಾಸ ಅವರ ಬೆನ್ನಿಗಿತ್ತು.

1989ರ ಗ್ರ್ಯಾಮಿ ಸಮಾರಂಭದಲ್ಲಿ ಅತ್ಯುತ್ತಮ ಹೊಸ ಕಲಾವಿದೆ, ಅತ್ಯುತ್ತಮ ಪಾಪ್ ಗಾಯಕಿ ಹಾಗೂ ಅತ್ಯುತ್ತಮ ಸಮಕಾಲೀನ ಫೋಕ್ ಧ್ವನಿಮುದ್ರಣ ಎಂಬ ಮೂರು ಪ್ರಶಸ್ತಿಗಳು ಅವರಿಗೆ ಲಭಿಸಿದವು.

ಭಾರತದಲ್ಲಿ

ಮಾನವ ಹಕ್ಕುಗಳ ಸಾರ್ವತ್ರಿಕ ಘೋಷಣೆಗೆ 40 ವರ್ಷ ತುಂಬಿದ ನೆನಪಿಗೆ ಆಮ್ನೆಸ್ಟಿ ಇಂಟರ್‌ನ್ಯಾಷನಲ್ ಸಂಸ್ಥೆ 1988ರ ಸೆಪ್ಟೆಂಬರ್ ಮತ್ತು ಅಕ್ಟೋಬರ್ ತಿಂಗಳುಗಳಲ್ಲಿ 'ಹ್ಯೂಮನ್ ರೈಟ್ಸ್ ನೌ' ಎಂಬ ವಿಶ್ವಪ್ರವಾಸವನ್ನು ಏರ್ಪಡಿಸಿತು. ಬ್ರೂಸ್ ಸ್ಪ್ರಿಂಗ್‌ಸ್ಟೀನ್, ಸ್ಟಿಂಗ್, ಪೀಟರ್ ಗೇಬ್ರಿಯಲ್ ಮತ್ತು ಸೆನೆಗಲ್ ದೇಶದ ಯೂಸು ಎನ್‌ಡೂರ್ ಅವರೊಂದಿಗೆ ಚಾಪ್ಮನ್ ಅದರಲ್ಲಿ ಭಾಗವಹಿಸಿದರು. ಇಪ್ಪತ್ತು ಕಛೇರಿಗಳ ಈ ಪ್ರವಾಸವು ಸೆಪ್ಟೆಂಬರ್ 30ರಂದು ನವದೆಹಲಿಯ ಜವಾಹರಲಾಲ್ ನೆಹರೂ ಕ್ರೀಡಾಂಗಣಕ್ಕೆ ಬಂದಿತ್ತು.

ಹಾಡುಗಳ ಸ್ವರೂಪ

'ಫಾಸ್ಟ್ ಕಾರ್' ಒಂದು ಕಥನಗೀತೆ. ಅದರ ನಿರೂಪಕಿ ತಾಯಿ ಬಿಟ್ಟುಹೋದ ಮೇಲೆ ಕುಡುಕ ತಂದೆಯನ್ನು ನೋಡಿಕೊಳ್ಳಲು ಶಾಲೆ ಬಿಟ್ಟವಳು. ಪ್ರಿಯಕರನ ವೇಗದ ಕಾರು ಅವಳಿಗೆ ಊರು ಬಿಟ್ಟು ಪಾರಾಗುವ ದಾರಿಯಾಗಿ ಕಾಣುತ್ತದೆ. ಇಬ್ಬರೂ ನಗರಕ್ಕೆ ಹೋಗುತ್ತಾರೆ. ಅವಳು ಅಂಗಡಿಯಲ್ಲಿ ದುಡಿಯುತ್ತಾಳೆ, ಅವನಿಗೆ ಕೆಲಸ ಸಿಕ್ಕುವುದಿಲ್ಲ. ವರ್ಷಗಳು ಕಳೆದಂತೆ ಅವನೂ ಅವಳ ತಂದೆಯ ದಾರಿಯನ್ನೇ ಹಿಡಿಯುತ್ತಾನೆ. ಕೊನೆಗೆ ನಿರ್ಧಾರ ಕೈಗೊಳ್ಳುವಂತೆ ಅವನಿಗೆ ಹೇಳುವವಳು ಅವಳೇ. ಹಾಡಿನ ಉದ್ದಕ್ಕೂ ಗಿಟಾರಿನ ಒಂದೇ ಸಣ್ಣ ಸ್ವರಗುಚ್ಛ ಮರುಕಳಿಸುತ್ತದೆ. ಪಲ್ಲವಿ ಬಹಳ ತಡವಾಗಿ, ಡ್ರಮ್ಸ್ ಸಹಿತ ಬರುತ್ತದೆ. ಹಾಡಿನಲ್ಲಿ ನಿಜವಾದ ಬಿಡುಗಡೆಯ ಭಾವವಿರುವುದು ಈ ಪಲ್ಲವಿಯಲ್ಲಿ ಮಾತ್ರ, ಅದೂ ಒಂದು ರಾತ್ರಿಯ ನೆನಪಾಗಿ. ಎಷ್ಟೋ ಕೇಳುಗರು ಇದನ್ನು ಪ್ರೇಮಗೀತೆಯೆಂದು ಭಾವಿಸುವುದಕ್ಕೆ ಈ ಪಲ್ಲವಿಯ ಸೊಬಗೇ ಕಾರಣವಿರಬೇಕು.

'ಬಿಹೈಂಡ್ ದ ವಾಲ್' ಯಾವ ವಾದ್ಯವೂ ಇಲ್ಲದ ಹಾಡು. ಪಕ್ಕದ ಮನೆಯ ಗೋಡೆಯಾಚೆಯಿಂದ ರಾತ್ರಿ ಕೇಳಿಬರುವ ಹೆಂಗಸಿನ ಚೀತ್ಕಾರ, ತಡವಾಗಿ ಬಂದು ಏನೂ ಮಾಡದೆ ಹೋಗುವ ಪೊಲೀಸರು ಅದರ ವಸ್ತು. ವಾದ್ಯವಿಲ್ಲದ ಮೌನದಲ್ಲಿ ಕೇಳುಗನೂ ಗೋಡೆಯ ಈಚೆ ಕುಳಿತವನಾಗುತ್ತಾನೆ. ಆಲ್ಬಂನ ಅತ್ಯಂತ ದಿಟ್ಟ ರಚನೆ ಇದೆಂದರೆ ತಪ್ಪಾಗಲಾರದು. 'ಅಕ್ರಾಸ್ ದ ಲೈನ್ಸ್' ಜನಾಂಗೀಯ ಗಲಭೆಯಿಂದ ಇಬ್ಭಾಗವಾದ ಊರನ್ನು ಚಿತ್ರಿಸುತ್ತದೆ. ಇವೆಲ್ಲಕ್ಕಿಂತ ಮೃದುವಾದ 'ಬೇಬಿ ಕ್ಯಾನ್ ಐ ಹೋಲ್ಡ್ ಯು' ಹಾಡನ್ನು ಐರ್ಲೆಂಡಿನ ಬಾಯ್‌ಜೋನ್ ತಂಡ 1997ರಲ್ಲಿ ಮರುಗಾಯನ ಮಾಡಿ ಜನಪ್ರಿಯಗೊಳಿಸಿತು.

ಚಾಪ್ಮನ್ ಅವರದು ತಗ್ಗಿನ ಸ್ಥಾಯಿಯ ಕಂಠ. ಆಲಾಪ, ಅಲಂಕಾರಗಳಿಗೆ ಅವರು ಹೋಗುವುದು ಕಡಿಮೆ. ಪದಗಳು ಸ್ಪಷ್ಟವಾಗಿ ಕೇಳಿಸುವುದೇ ಮುಖ್ಯ. ಕಪ್ಪು ಮಹಿಳೆಯೆಂದರೆ ಸೋಲ್ ಅಥವಾ ಆರ್ ಅಂಡ್ ಬಿ ಹಾಡಬೇಕೆಂಬ ಉದ್ಯಮದ ರೂಢಿಗೆ ಅವರು ಹೊಂದಿಕೊಳ್ಳಲಿಲ್ಲ. ಅವರ ಶ್ರೋತೃಗಳಲ್ಲಿ ಬಿಳಿಯರೇ ಹೆಚ್ಚೆಂಬುದು ಮತ್ತು ಕಪ್ಪು ಸಮುದಾಯದ ರೇಡಿಯೊ ಕೇಂದ್ರಗಳು ಅವರ ಹಾಡುಗಳಿಗೆ ಹೆಚ್ಚಿನ ಸ್ಥಾನ ಕೊಡಲಿಲ್ಲವೆಂಬುದು ಆ ಕಾಲದಲ್ಲಿ ಚರ್ಚೆಯಾಗಿತ್ತು.

ನಂತರದ ಆಲ್ಬಂಗಳು

ಎರಡನೆಯ ಆಲ್ಬಂ 'ಕ್ರಾಸ್‌ರೋಡ್ಸ್' 1989ರಲ್ಲಿ ಬಂದಿತು. ಮಂಡೇಲಾ ಬಿಡುಗಡೆಗಾಗಿ ದನಿಯೆತ್ತಿದ 'ಫ್ರೀಡಂ ನೌ' ಹಾಡು ಅದರಲ್ಲಿದೆ. 1990ರ ಫೆಬ್ರುವರಿಯಲ್ಲಿ ಮಂಡೇಲಾ ಬಿಡುಗಡೆಯಾದರು. 1992ರ 'ಮ್ಯಾಟರ್ಸ್ ಆಫ್ ದ ಹಾರ್ಟ್' ಹೆಚ್ಚಿನ ಗಮನ ಸೆಳೆಯಲಿಲ್ಲ.

ಚಾಪ್ಮನ್ ಅವರ ಕಾಲ ಮುಗಿಯಿತೆಂದು ಭಾವಿಸಿದ್ದವರಿಗೆ 1995ರ 'ನ್ಯೂ ಬಿಗಿನಿಂಗ್' ಉತ್ತರವಾಯಿತು. ಅದರಲ್ಲಿನ 'ಗಿವ್ ಮಿ ಒನ್ ರೀಸನ್' ಸಾಂಪ್ರದಾಯಿಕ ಹನ್ನೆರಡು ಬಾರ್‌ಗಳ ಬ್ಲೂಸ್ ಚೌಕಟ್ಟಿನ ಹಾಡು. ಇದನ್ನು ಅವರು 1989ರಲ್ಲಿಯೇ ದೂರದರ್ಶನ ಕಾರ್ಯಕ್ರಮವೊಂದರಲ್ಲಿ ಹಾಡಿದ್ದರು. ಈ ಹಾಡು ಅಮೆರಿಕದಲ್ಲಿ 3ನೆಯ ಸ್ಥಾನಕ್ಕೇರಿತು. ಅಲ್ಲಿ ಅವರ ಅತ್ಯಂತ ಯಶಸ್ವಿ ಏಕಗೀತೆ ಇದೇ. 1997ರಲ್ಲಿ ಅತ್ಯುತ್ತಮ ರಾಕ್ ಗೀತೆಯೆಂಬ ಗ್ರ್ಯಾಮಿಯನ್ನೂ ಪಡೆಯಿತು. ಬಳಿಕ 'ಟೆಲ್ಲಿಂಗ್ ಸ್ಟೋರೀಸ್' (2000), 'ಲೆಟ್ ಇಟ್ ರೇನ್' (2002), 'ವೇರ್ ಯು ಲಿವ್' (2005) ಮತ್ತು 'ಅವರ್ ಬ್ರೈಟ್ ಫ್ಯೂಚರ್' (2008) ಹೊರಬಂದವು. 2008ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದ ಅಮೆರಿಕನ್ ಕನ್ಸರ್ವೇಟರಿ ಥಿಯೇಟರ್ ಪ್ರದರ್ಶಿಸಿದ, ದಕ್ಷಿಣ ಆಫ್ರಿಕದ ನಾಟಕಕಾರ ಅಥೊಲ್ ಫ್ಯೂಗಾರ್ಡರ 'ಬ್ಲಡ್ ನಾಟ್' ನಾಟಕಕ್ಕೆ ಸಂಗೀತವನ್ನೂ ರಚಿಸಿದರು. 2009ರ ನಂತರ ಅವರು ಸಂಗೀತ ಪ್ರವಾಸ ಕೈಗೊಂಡಿಲ್ಲ.

ಹಕ್ಕುಸ್ವಾಮ್ಯದ ಮೊಕದ್ದಮೆ

ತಮ್ಮ ಹಾಡುಗಳ ತುಣುಕುಗಳನ್ನು ಇತರರು ಬಳಸಿಕೊಳ್ಳಲು ಚಾಪ್ಮನ್ ಸಾಮಾನ್ಯವಾಗಿ ಅನುಮತಿ ಕೊಡುವುದಿಲ್ಲ. ರ‍್ಯಾಪ್ ಗಾಯಕಿ ನಿಕಿ ಮಿನಾಜ್ 'ಬೇಬಿ ಕ್ಯಾನ್ ಐ ಹೋಲ್ಡ್ ಯು' ಹಾಡನ್ನು ಆಧರಿಸಿ 'ಸಾರಿ' ಎಂಬ ಹಾಡನ್ನು ಸಿದ್ಧಪಡಿಸಿ ಒಪ್ಪಿಗೆ ಕೇಳಿದಾಗಲೂ ನಿರಾಕರಿಸಿದರು. ಹಾಡನ್ನು ಆಲ್ಬಂನಿಂದ ಕೈಬಿಡಲಾಯಿತಾದರೂ 2018ರಲ್ಲಿ ಅದು ನ್ಯೂಯಾರ್ಕಿನ ರೇಡಿಯೊದಲ್ಲಿ ಪ್ರಸಾರವಾಯಿತು. ಚಾಪ್ಮನ್ ದಾವೆ ಹೂಡಿದರು. ಕಲಾವಿದರು ಅನುಮತಿ ಕೇಳುವ ಮೊದಲು ಸ್ಟುಡಿಯೊದಲ್ಲಿ ಪ್ರಯೋಗ ನಡೆಸುವುದು ನ್ಯಾಯಯುತ ಬಳಕೆಯೇ ಎಂದು 2020ರಲ್ಲಿ ನ್ಯಾಯಾಲಯ ತೀರ್ಪಿತ್ತಿತು. ಹಾಡನ್ನು ಹೊರಗೆ ಹಂಚಿದ ಪ್ರಶ್ನೆಯನ್ನು ಮಾತ್ರ ವಿಚಾರಣೆಗೆ ಉಳಿಸಿತು. ವಿಚಾರಣೆಗೆ ಮುನ್ನವೇ ಮಿನಾಜ್ 4,50,000 ಡಾಲರ್ ನೀಡಲು ಒಪ್ಪಿದ್ದರಿಂದ 2021ರ ಜನವರಿಯಲ್ಲಿ ವ್ಯಾಜ್ಯ ಮುಗಿಯಿತು.

ಕಂಟ್ರಿ ಸಂಗೀತದ ಪಟ್ಟಿಯಲ್ಲಿ

2023ರಲ್ಲಿ ಕಂಟ್ರಿ ಗಾಯಕ ಲ್ಯೂಕ್ ಕೂಂಬ್ಸ್ 'ಫಾಸ್ಟ್ ಕಾರ್' ಹಾಡನ್ನು ತಮ್ಮ ಆಲ್ಬಂನಲ್ಲಿ ಮರುಗಾಯನ ಮಾಡಿದರು. ಚಿಕ್ಕಂದಿನಲ್ಲಿ ತಂದೆಯೊಂದಿಗೆ ಕೇಳಿದ ಹಾಡು ಅವರಿಗೆ ಅದು. ತಾವು ಗಂಡಸಾಗಿದ್ದರೂ ನಿರೂಪಕಿಯ ಮಾತುಗಳನ್ನು ಅವರು ಬದಲಿಸಲಿಲ್ಲ. ಈ ಆವೃತ್ತಿಯು ಬಿಲ್‌ಬೋರ್ಡ್ ಹಾಟ್ 100 ಪಟ್ಟಿಯಲ್ಲಿ 2ನೆಯ ಸ್ಥಾನಕ್ಕೂ ಕಂಟ್ರಿ ರೇಡಿಯೊ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೂ ಏರಿತು. ಇದರಿಂದ, ಕಂಟ್ರಿ ರೇಡಿಯೊದಲ್ಲಿ ಮೊದಲ ಸ್ಥಾನ ಪಡೆದ ಹಾಡನ್ನು ಒಬ್ಬರೇ ರಚಿಸಿದ ಪ್ರಥಮ ಕಪ್ಪು ಮಹಿಳೆ ಚಾಪ್ಮನ್ ಆದರು. ಅದೇ ನವೆಂಬರಿನಲ್ಲಿ ಕಂಟ್ರಿ ಮ್ಯೂಸಿಕ್ ಅಸೋಸಿಯೇಷನ್ ನೀಡುವ 'ವರ್ಷದ ಗೀತೆ' ಪ್ರಶಸ್ತಿ, ಹಾಡು ಹುಟ್ಟಿದ 35 ವರ್ಷಗಳ ನಂತರ, ಮೊದಲ ಬಾರಿಗೆ ಕಪ್ಪು ಗೀತರಚನೆಕಾರರೊಬ್ಬರಿಗೆ ಸಂದಿತು.

ಸಂತೋಷದ ಜೊತೆಗೆ ಒಂದು ಪ್ರಶ್ನೆಯೂ ಎದ್ದಿತು. ಇದೇ ಹಾಡನ್ನು ಕಪ್ಪು ಮಹಿಳೆಯೊಬ್ಬಳೇ ಹಾಡಿದ್ದರೆ ಕಂಟ್ರಿ ರೇಡಿಯೊ ಅದನ್ನು ಹಾಕುತ್ತಿತ್ತೆ ಎಂದು ವಿಮರ್ಶಕರು ಕೇಳಿದರು. ಚಾಪ್ಮನ್ ಈ ವಾದಕ್ಕೆ ಇಳಿಯಲಿಲ್ಲ; ಕಂಟ್ರಿ ಪಟ್ಟಿಯಲ್ಲಿ ತಮ್ಮನ್ನು ಕಾಣುವ ನಿರೀಕ್ಷೆಯಿರಲಿಲ್ಲ, ಗೌರವವೆನಿಸಿದೆ ಎಂಬರ್ಥದ ಚುಟುಕು ಹೇಳಿಕೆಯನ್ನಷ್ಟೇ ನೀಡಿದರು.

2024ರ ಫೆಬ್ರುವರಿ 4ರಂದು ಗ್ರ್ಯಾಮಿ ಸಮಾರಂಭದಲ್ಲಿ ಚಾಪ್ಮನ್ ಮತ್ತು ಕೂಂಬ್ಸ್ ಒಟ್ಟಿಗೆ ಈ ಹಾಡನ್ನು ಹಾಡಿದರು. ಹಲವು ವರ್ಷಗಳಿಂದ ಸಾರ್ವಜನಿಕವಾಗಿ ಕಾಣಿಸಿಕೊಳ್ಳುವುದೇ ಅಪರೂಪವಾಗಿದ್ದ ಗಾಯಕಿಯನ್ನು ಸಭಿಕರು ಎದ್ದುನಿಂತು ಸ್ವಾಗತಿಸಿದರು. ಮೂಲ ಧ್ವನಿಮುದ್ರಣಕ್ಕೆ ಮತ್ತೆ ಬೇಡಿಕೆ ಹೆಚ್ಚಿತು. 2025ರಲ್ಲಿ ಮೊದಲ ಆಲ್ಬಂ ವಿನೈಲ್ ತಟ್ಟೆಯ ರೂಪದಲ್ಲಿ ಪುನಃ ಬಿಡುಗಡೆಯಾಯಿತು. ಅದೇ ವರ್ಷ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ಅದನ್ನು ಸಂರಕ್ಷಣೆಗೆ ಅರ್ಹವಾದ ಧ್ವನಿಮುದ್ರಣಗಳ ರಾಷ್ಟ್ರೀಯ ದಾಖಲೆಗೆ ಸೇರಿಸಿತು.