ಎರೆನೆಲದ ರಸ್ತೆಗೆ ಒಗ್ಗುವ ಸಸ್ಪೆನ್ಷನ್: ಬಾಗಲಕೋಟೆ ಸೀಮೆಯ ಚುರುಕು ಕಾರುಗಳಿಗೆ

ಕಂಪನಿ ಕೂಡಿಸಿ ಕೊಟ್ಟ ಸ್ಪ್ರಿಂಗ್, ಶಾಕ್ ಅಬ್ಸಾರ್ಬರ್‌ಗಳನ್ನು ಬಿಚ್ಚಿ, ಬೇರೆ ತಯಾರಕರ ಭಾಗಗಳನ್ನು ಹಾಕಿಸಿಕೊಳ್ಳುವುದಕ್ಕೆ ಆಫ್ಟರ್‌ಮಾರ್ಕೆಟ್ ಸಸ್ಪೆನ್ಷನ್ ಎನ್ನುತ್ತಾರೆ. ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ಲಿನಲ್ಲಿ ಪೋಲೋ ಜಿಟಿ, ಐ20 ಎನ್ ಲೈನ್‌ನಂಥ ಚುರುಕು ಕಾರು ಇಟ್ಟುಕೊಂಡವರಿಗೆ ಒಂದೇ ದಿನದ ಓಡಾಟದಲ್ಲಿ ಚತುಷ್ಪಥ ಹೆದ್ದಾರಿ, ಎರೆಹೊಲಗಳ ನಡುವಿನ ಏರಿಳಿತದ ಡಾಂಬರು, ಊರ ಬಾಗಿಲಿನ ಹಂಪ್ ಮೂರೂ ಎದುರಾಗುತ್ತವೆ. ಇಂಥ ನೆಲದಲ್ಲಿ ಟೈರನ್ನು ಸದಾ ರಸ್ತೆಗೆ ಒತ್ತಿ ಹಿಡಿಯುವ ಸಸ್ಪೆನ್ಷನ್ನೇ ಒಳ್ಳೆಯದು. ಸ್ಪ್ರಿಂಗಿಗಿಂತ ಮೊದಲು ಹಣ ಡ್ಯಾಂಪರ್‌ಗೆ (ಶಾಕ್ ಅಬ್ಸಾರ್ಬರ್‌ಗೆ) ಹೋಗಲಿ. ಕಾರನ್ನು ತಗ್ಗಿಸುವ ಯೋಚನೆ ಕೊನೆಗಿರಲಿ.

ಯಾವ ಭಾಗಕ್ಕೆ ಯಾವ ಕೆಲಸ

ಸ್ಪ್ರಿಂಗ್ ಕಾರಿನ ಭಾರ ಹೊರುತ್ತದೆ. ಕುಣಿ ಬಂದಾಗ ಕುಗ್ಗಿ, ಮತ್ತೆ ಹಿಗ್ಗುತ್ತದೆ. ಆ ಹಿಗ್ಗು-ಕುಗ್ಗು ಮುಂದುವರಿಯದಂತೆ ತಡೆಯುವುದು ಡ್ಯಾಂಪರ್, ಅಂದರೆ ಮೆಕ್ಯಾನಿಕ್‌ಗಳ ಮಾತಿನ ‘ಶಾಕ್’. ಅದರೊಳಗಿನ ಪಿಸ್ಟನ್ ಎಣ್ಣೆಯನ್ನು ಸಣ್ಣ ಕಂಡಿಗಳಲ್ಲಿ ತಳ್ಳುತ್ತ ಚಲನೆಯ ಶಕ್ತಿಯನ್ನು ಶಾಖವಾಗಿಸುತ್ತದೆ. ಕುಗ್ಗುವಾಗ ಒಡ್ಡುವ ತಡೆಗೆ ಕಂಪ್ರೆಷನ್, ಹಿಗ್ಗುವಾಗ ಒಡ್ಡುವ ತಡೆಗೆ ರಿಬೌಂಡ್ ಎಂದು ಹೆಸರು. ತಿರುವಿನಲ್ಲಿ ಕಾರು ವಾಲುವುದನ್ನು ಆ್ಯಂಟಿ ರೋಲ್ ಬಾರ್ ಹಿಡಿಯುತ್ತದೆ. ಬುಶ್‌ಗಳು ಕೀಲುಗಳ ಸಡಿಲಿಕೆಯನ್ನೂ ಕಂಪನವನ್ನೂ ನಿಯಂತ್ರಿಸುತ್ತವೆ. ಚಲನೆಯ ಕೊನೆಯಲ್ಲಿ ಲೋಹಕ್ಕೆ ಲೋಹ ಬಡಿಯದಂತೆ ಕಾಯುವುದು ಬಂಪ್ ಸ್ಟಾಪ್.

ನಮ್ಮಲ್ಲಿಯ ಬಹುಪಾಲು ಹ್ಯಾಚ್‌ಬ್ಯಾಕ್‌ಗಳಿಗೆ ಮುಂದೆ ಮ್ಯಾಕ್‌ಫರ್ಸನ್ ಸ್ಟ್ರಟ್, ಹಿಂದೆ ಟ್ವಿಸ್ಟ್ ಬೀಮ್ ಇರುತ್ತದೆ. ಈ ರಚನೆಯಲ್ಲಿ ಹಿಂದಿನ ಚಕ್ರಗಳ ಕ್ಯಾಂಬರ್ (ಚಕ್ರದ ಓರೆ), ಟೋ (ಚಕ್ರ ಮುಖ ಮಾಡುವ ದಿಕ್ಕು) ಕೋನಗಳನ್ನು ಸುಲಭವಾಗಿ ಬದಲಿಸಲು ಬರುವುದಿಲ್ಲ. ಆದ್ದರಿಂದ ಹದಗೊಳಿಸುವ ಕೆಲಸವೆಲ್ಲ ಸ್ಪ್ರಿಂಗ್, ಡ್ಯಾಂಪರ್, ಮುಂದಿನ ಅಲೈನ್‌ಮೆಂಟ್, ಟೈರುಗಳ ಮೇಲೆಯೇ ನಿಲ್ಲುತ್ತದೆ.

ಈ ಸೀಮೆಯ ನೆಲ, ಈ ಸೀಮೆಯ ರಸ್ತೆ

ಎರೆಮಣ್ಣು ಮಳೆಗೆ ಉಬ್ಬಿ, ಬೇಸಿಗೆಗೆ ಬಿರಿದು ಕುಗ್ಗುತ್ತದೆ. ತಳಪಾಯ ಗಟ್ಟಿಯಿಲ್ಲದಿದ್ದರೆ ಮೇಲಿನ ಡಾಂಬರೂ ಅದರ ಜೊತೆಗೇ ಏಳುತ್ತದೆ, ಇಳಿಯುತ್ತದೆ. ಅಂಥ ಕಡೆ ದೊಡ್ಡ ಕುಣಿಗಳಿಲ್ಲದಿದ್ದರೂ ಉದ್ದನೆಯ ಏರಿಳಿತಗಳಿರುತ್ತವೆ. ವೇಗ ಹೆಚ್ಚಿದಂತೆ ಕಾರು ತೇಲಿದ ಹಾಗಾಗುತ್ತದೆ. ಈ ತೇಲಾಟಕ್ಕೆ ಮದ್ದು ಡ್ಯಾಂಪರ್‌ನ ರಿಬೌಂಡ್.

ಹುನಗುಂದ, ಇಳಕಲ್ಲನ್ನು ಹಾದು ವಿಜಯಪುರದಿಂದ ಹೊಸಪೇಟೆ ಕಡೆಗೆ ಸಾಗುವ ರಾಷ್ಟ್ರೀಯ ಹೆದ್ದಾರಿ 50ರ ಸ್ವಭಾವವೇ ಬೇರೆ. ಅಲ್ಲಿ ಹೊತ್ತುಗಟ್ಟಲೆ ಒಂದೇ ವೇಗದ ಓಟ, ಗ್ರಾನೈಟ್ ದಿಮ್ಮಿ ಹೊತ್ತ ಲಾರಿಗಳ ಒಡನಾಟ. ಭಾರದ ಗಾಲಿಗಳು ಡಾಂಬರಿನಲ್ಲಿ ಮೂಡಿಸುವ ಉದ್ದುದ್ದ ಗುರುತುಗಳು ಅಗಲವಾದ ಟೈರುಗಳಿರುವ ಕಾರಿನ ಸ್ಟೀರಿಂಗನ್ನು ಅತ್ತಿತ್ತ ಎಳೆಯುತ್ತವೆ. ಬಾದಾಮಿಯಿಂದ ಪಟ್ಟದಕಲ್ಲು, ಐಹೊಳೆಗೆ ಹೋಗುವ ದಾರಿಗಳು ಊರು, ಹೊಲ, ಮರಳುಗಲ್ಲಿನ ಗುಡ್ಡಗಳ ನಡುವೆ ತಿರುಗುತ್ತವೆ. ಬನಶಂಕರಿ ಜಾತ್ರೆಯ ದಿನಗಳಲ್ಲಿ ಈ ಭಾಗದಲ್ಲಿ ಬಂಡಿಗಳೂ ಪಾದಯಾತ್ರಿಗಳೂ ತುಂಬಿರುತ್ತಾರೆ. ಬೀಳಗಿ, ಮುಧೋಳದ ಕಡೆ ಕಬ್ಬಿನ ಹಂಗಾಮಿನಲ್ಲಿ ಎರಡೆರಡು ಟ್ರೇಲರ್ ಎಳೆಯುವ ಟ್ರ್ಯಾಕ್ಟರುಗಳು ರಸ್ತೆಯಲ್ಲಿರುತ್ತವೆ. ಇಲ್ಲಿ ಕಾರಿನ ಸಾಮರ್ಥ್ಯದ ನಿಜವಾದ ಪರೀಕ್ಷೆ ನಡೆಯುವುದು ಥಟ್ಟನೆ ಬ್ರೇಕ್ ಒತ್ತಿ ಪಕ್ಕಕ್ಕೆ ಸರಿಯಬೇಕಾದ ಗಳಿಗೆಯಲ್ಲಿ.

ಸ್ಪ್ರಿಂಗ್ ಎಷ್ಟು ಬಿಗಿಯಿರಬೇಕು

ಸ್ಪ್ರಿಂಗಿನ ಬಿಗಿತವನ್ನು ಒಂದು ಮಿ.ಮೀ. ಕುಗ್ಗಿಸಲು ಬೇಕಾದ ನ್ಯೂಟನ್‌ಗಳಲ್ಲಿ ಅಳೆಯುತ್ತಾರೆ. ಆ ಅಂಕಿಯೊಂದೇ ಸಾಲದು. ಕಾರಿನ ತೂಕದೊಂದಿಗೆ ಸೇರಿ ಅದು ಕೊಡುವ ಸಹಜ ಆವರ್ತನವನ್ನು, ಅಂದರೆ ಕಾರು ಸೆಕೆಂಡಿಗೆ ಎಷ್ಟು ಸಲ ಏರಿಳಿಯುತ್ತದೆಂಬುದನ್ನು, ನೋಡಬೇಕು. ಒಂದು ಚಕ್ರದ ಮೇಲೆ 300 ಕೆ.ಜಿ. ಭಾರವಿದ್ದು, ಚಕ್ರದ ಬಳಿಯ ಬಿಗಿತ ಮಿ.ಮೀ.ಗೆ 27 ನ್ಯೂಟನ್ ಇದ್ದರೆ ಆವರ್ತನ ಸೆಕೆಂಡಿಗೆ ಸುಮಾರು 1.5. ಬಿಗಿತವನ್ನು ಶೇ. 30ರಷ್ಟು ಏರಿಸಿದರೆ ಅದು 1.7 ಆಗುತ್ತದೆ, ದುಪ್ಪಟ್ಟು ಮಾಡಿದರೆ 2.1.

ಸಾಮಾನ್ಯ ಕಾರುಗಳು 1ರಿಂದ 1.5ರೊಳಗೆ, ರಸ್ತೆಯ ಮೇಲಿನ ಸ್ಪೋರ್ಟ್ಸ್ ಕಾರುಗಳು 1.5ರಿಂದ 2ರೊಳಗೆ ಇರುತ್ತವೆ. ಅದರಾಚೆಗಿನ ಬಿಗಿತ ನುಣುಪಾದ ರೇಸ್ ಟ್ರ್ಯಾಕಿಗೆ ಸರಿ. ಒರಟು ರಸ್ತೆಯಲ್ಲಿ ಅಷ್ಟು ಬಿಗಿಯಾದ ಕಾರಿನ ಚಕ್ರ ತಗ್ಗಿನೊಳಗೆ ಇಳಿಯುವ ಬದಲು ಮೇಲೆಯೇ ಹಾರುತ್ತದೆ; ಗಾಳಿಯಲ್ಲಿರುವ ಟೈರು ಬ್ರೇಕನ್ನೂ ಕೇಳುವುದಿಲ್ಲ, ಸ್ಟೀರಿಂಗನ್ನೂ ಕೇಳುವುದಿಲ್ಲ. ಬಾಗಲಕೋಟೆ ಜಿಲ್ಲೆಯ ನಿತ್ಯದ ಓಡಾಟಕ್ಕೆ ಮೂಲ ಸ್ಪ್ರಿಂಗಿಗಿಂತ ಶೇ. 15ರಿಂದ 30ರಷ್ಟು ಹೆಚ್ಚು ಬಿಗಿತ ಸಾಕು.

ಡ್ಯಾಂಪರ್ ಆಯ್ಕೆ

ಡ್ಯಾಂಪರ್‌ನಲ್ಲಿ ಎರಡು ಬಗೆ. ಟ್ವಿನ್ ಟ್ಯೂಬಿನಲ್ಲಿ ಕೊಳವೆಯೊಳಗೊಂದು ಕೊಳವೆ. ಅದು ಅಗ್ಗ, ಮೆತ್ತಗೆ. ಆದರೆ 40 ಡಿಗ್ರಿ ದಾಟುವ ಬಿಸಿಲಿನಲ್ಲಿ ಕೆಟ್ಟ ರಸ್ತೆಯ ಮೇಲೆ ಬಹಳ ಹೊತ್ತು ದುಡಿದರೆ ಎಣ್ಣೆ ತೆಳುವಾಗಿ, ಗಾಳಿ ಬೆರೆತು ನೊರೆಯೇಳಬಹುದು. ಆಗ ಹಿಡಿತ ಸಡಿಲುತ್ತದೆ. ಮಾನೋಟ್ಯೂಬಿನಲ್ಲಿ ಹೆಚ್ಚು ಒತ್ತಡದ ಅನಿಲವನ್ನು ತೇಲುವ ಪಿಸ್ಟನ್ನೊಂದು ಎಣ್ಣೆಯಿಂದ ಬೇರ್ಪಡಿಸುತ್ತದೆ; ಒಂದೇ ಗೋಡೆಯಿರುವುದರಿಂದ ಶಾಖ ಬೇಗ ಹೊರಬೀಳುತ್ತದೆ. ನಮ್ಮ ಬೇಸಿಗೆಗೆ ಇದು ಹೆಚ್ಚು ಒಪ್ಪುತ್ತದೆ.

ಜರ್ಮನಿಯ ಬಿಲ್‌ಸ್ಟೈನ್ ಕಂಪನಿಯ ಸರಣಿಗಳನ್ನು ನೋಡಿದರೆ ಆಯ್ಕೆಯ ತರ್ಕ ತಿಳಿಯುತ್ತದೆ. ಬಿ6 ಇರುವುದು ಮೂಲ ಎತ್ತರದ ಸ್ಪ್ರಿಂಗಿಗೆ. ಬಿ8 ಗಿಡ್ಡ ಸ್ಪ್ರಿಂಗಿಗೆ ಹೊಂದುವಂತೆ ಮಾಡಿದ ಗಿಡ್ಡ ಡ್ಯಾಂಪರ್. ಬಿ14ರಲ್ಲಿ ಎತ್ತರವನ್ನು, ಬಿ16ರಲ್ಲಿ ಎತ್ತರದ ಜೊತೆ ತಡೆಯನ್ನೂ ತಿರುಗಿಸಿ ಹೊಂದಿಸಬಹುದು. ಈ ಸೀಮೆಯ ಹೆಚ್ಚಿನವರಿಗೆ ಮೂಲ ಎತ್ತರದ ಬಗೆಯದೇ ಸಾಕು, ಯಾವ ಕಂಪನಿಯದಾದರೂ ಸರಿ.

ಮೂಲ ಡ್ಯಾಂಪರ್ ಉಳಿಸಿ ಗಿಡ್ಡ ಸ್ಪ್ರಿಂಗ್ ಮಾತ್ರ ಹಾಕಿಸುವುದು ಎಲ್ಲಕ್ಕಿಂತ ಅಗ್ಗದ ದಾರಿ, ಎಲ್ಲಕ್ಕಿಂತ ಕೆಟ್ಟದ್ದೂ ಹೌದು. ಬಿಗಿತ ಶೇ. 30 ಏರಿದರೆ ಅದೇ ಪ್ರಮಾಣದ ನಿಯಂತ್ರಣಕ್ಕೆ ಸುಮಾರು ಶೇ. 14ರಷ್ಟು ಹೆಚ್ಚು ತಡೆ ಬೇಕು. ಹಳೆಯ ಶಾಕ್ ಅದನ್ನು ಕೊಡಲಾರದು. ಸ್ಪ್ರಿಂಗಿನ ಸುರುಳಿ ಕತ್ತರಿಸುವುದಂತೂ ಸಲ್ಲದು. ತುದಿ ಸರಿಯಾಗಿ ಕೂರದ ಸ್ಪ್ರಿಂಗ್ ಓಡುವಾಗಲೇ ಜಾಗ ತಪ್ಪಬಹುದು.

ಎತ್ತರದ ಲೆಕ್ಕ

ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಮಾನದಂಡದ ಪ್ರಕಾರ ಹಂಪ್ 3.7 ಮೀಟರ್ ಅಗಲ, 10 ಸೆಂ.ಮೀ. ಎತ್ತರ, 17 ಮೀಟರ್ ತ್ರಿಜ್ಯದ ಕಮಾನಾಗಿರಬೇಕು. ಮುಂದಿನ-ಹಿಂದಿನ ಚಕ್ರಗಳ ಅಂತರ ಸುಮಾರು 2.47 ಮೀಟರ್ ಇರುವ ಪೋಲೋದಂಥ ಕಾರು ಅದರ ನೆತ್ತಿಯಲ್ಲಿದ್ದಾಗ ಹೊಟ್ಟೆಯಡಿಯ ಜಾಗದಲ್ಲಿ 45 ಮಿ.ಮೀ. ಹೋಗುತ್ತದೆ. ಜನ, ಸಾಮಾನು ಸೇರಿ 320 ಕೆ.ಜಿ. ಹೇರಿದರೆ, ನಾಲ್ಕೂ ಚಕ್ರಗಳ ಒಟ್ಟು ಬಿಗಿತ ಮಿ.ಮೀ.ಗೆ 100 ನ್ಯೂಟನ್ ಇರುವ ಕಾರು ಸರಾಸರಿ ಇನ್ನೂ 31 ಮಿ.ಮೀ. ಕುಸಿಯುತ್ತದೆ. ಹೊಟ್ಟೆಯಡಿ 165 ಮಿ.ಮೀ. ಜಾಗವಿದ್ದ ಕಾರನ್ನು 40 ಮಿ.ಮೀ. ತಗ್ಗಿಸಿದರೆ ಕೊನೆಗೆ ಉಳಿಯುವುದು 50 ಮಿ.ಮೀ.ನಷ್ಟು ಮಾತ್ರ. ಊರವರೇ ಹಾಕಿಕೊಂಡ ಕಿರಿದಾದ, ಕಡಿದಾದ ಹಂಪಿಗೆ ಅದು ಸಾಲದು.

ತಗ್ಗಿಸುವುದರಿಂದ ತಿರುವಿನಲ್ಲಿ ಲಾಭ ಖಂಡಿತ ಎಂಬ ನಂಬಿಕೆಯೂ ಅರ್ಧ ಸತ್ಯ. ಮ್ಯಾಕ್‌ಫರ್ಸನ್ ಸ್ಟ್ರಟ್ ಇರುವ ಕಾರನ್ನು ಅತಿಯಾಗಿ ಇಳಿಸಿದರೆ ಕೆಳತೋಳುಗಳ ಕೋನ ಕೆಡುತ್ತದೆ. ಗುರುತ್ವಕೇಂದ್ರಕ್ಕಿಂತ ರೋಲ್ ಸೆಂಟರ್ (ಕಾರು ವಾಲುವ ಕೇಂದ್ರ) ಹೆಚ್ಚು ಕೆಳಗಿಳಿದು, ವಾಲಿಸುವ ಸನ್ನೆಯ ಉದ್ದ ಬೆಳೆಯುತ್ತದೆ. 15ರಿಂದ 20 ಮಿ.ಮೀ. ಇಲ್ಲಿಗೆ ತಕ್ಕ ಮಿತಿ. ಏನೂ ಇಳಿಸದಿದ್ದರೆ ಇನ್ನೂ ಒಳ್ಳೆಯದು.

ಹದಗೊಳಿಸುವ ಕ್ರಮ

ಮೊದಲು ಹಳೆಯ ಬುಶ್, ಟಾಪ್ ಮೌಂಟ್, ಬಾಲ್ ಜಾಯಿಂಟ್‌ಗಳನ್ನು ನೋಡಬೇಕು. ಅವು ಸಡಿಲವಿದ್ದರೆ ಹೊಸ ಡ್ಯಾಂಪರ್ ಗುಣ ತೋರುವುದಿಲ್ಲ. ಕಾರು ತನ್ನ ಭಾರದಲ್ಲಿ ನಿಂತಿರುವಾಗಲೇ ಬುಶ್‌ಗಳ ಬೋಲ್ಟ್ ಬಿಗಿಯಬೇಕು; ಜಾಕ್ ಮೇಲೆ ಬಿಗಿದರೆ ರಬ್ಬರ್ ತಿರುಚಿಕೊಂಡು ಬೇಗ ಹರಿಯುತ್ತದೆ. ಆಮೇಲೆ ಟೈರಿನ ಗಾಳಿ, ಅಲೈನ್‌ಮೆಂಟ್. ಮುಂದಿನ ಚಕ್ರಗಳಿಗೆ ಋಣ 1ರಿಂದ 1.5 ಡಿಗ್ರಿ ಕ್ಯಾಂಬರ್, ಸೊನ್ನೆಗೆ ಹತ್ತಿರದ ಟೋ ಇಟ್ಟರೆ ತಿರುವಿಗೂ ಹೆದ್ದಾರಿಗೂ ಹೊಂದುತ್ತದೆ.

ಡ್ಯಾಂಪರ್‌ನ ತಡೆಯನ್ನು ಕ್ಲಿಕ್ ಕ್ಲಿಕ್ಕಾಗಿ ತಿರುಗಿಸಿ ಹೊಂದಿಸುವಂತಿದ್ದರೆ ತಯಾರಕರು ಹೇಳಿದ ನಡುಮಟ್ಟದಿಂದ ಆರಂಭಿಸಿ, ಒಂದು ಸಲಕ್ಕೆ ಒಂದನ್ನೇ ಬದಲಿಸಿ, ಬರೆದಿಟ್ಟುಕೊಳ್ಳಬೇಕು. ಅದೇ ರಸ್ತೆ, ಅದೇ ಗಾಳಿ, ಅದೇ ಭಾರ ಇರಲಿ. ಏರಿಳಿತ ದಾಟಿದ ಮೇಲೂ ಕಾರು ಎರಡು ಸಲ ಕುಪ್ಪಳಿಸಿದರೆ ರಿಬೌಂಡ್ ಕಡಿಮೆಯಾಗಿದೆ. ಸಾಲು ಸಾಲು ತಗ್ಗುಗಳಲ್ಲಿ ಕಾರು ಕೆಳಕೆಳಗೆ ಕೂತು ಒರಟಾಗುತ್ತ ಹೋದರೆ ರಿಬೌಂಡ್ ಅತಿಯಾಗಿದೆ. ಚಕ್ರ ಹಿಗ್ಗುವ ಮೊದಲೇ ಮುಂದಿನ ಪೆಟ್ಟು ಬೀಳುತ್ತಿದೆ. ಚೂಪು ಅಂಚುಗಳು ಬೆನ್ನಿಗೆ ಬಡಿದರೆ ಕಂಪ್ರೆಷನ್ ಇಳಿಸಬೇಕು. ಪಿಸ್ಟನ್ ಸರಳು ಹೊರಗೆ ಕಾಣುವ ಡ್ಯಾಂಪರ್‌ಗೆ ಕೇಬಲ್ ಟೈ ಸುತ್ತಿ ಒಂದು ಸುತ್ತು ಹೋಗಿಬಂದರೆ, ಚಲನೆ ಎಲ್ಲಿಯವರೆಗೆ ಬಳಕೆಯಾಯಿತೆಂಬುದು ಕಣ್ಣಿಗೆ ಕಾಣುತ್ತದೆ. ಟೈ ಪದೇ ಪದೇ ಬಂಪ್ ಸ್ಟಾಪ್ ಮುಟ್ಟುತ್ತಿದ್ದರೆ ಕಾರು ತೀರ ತಗ್ಗಾಗಿದೆ ಅಥವಾ ಸ್ಪ್ರಿಂಗ್ ಮೆತ್ತಗಿದೆ.

ರ‍್ಯಾಲಿ ಕಾರುಗಳ ಪಾಠ

ಚಿಕ್ಕಮಗಳೂರಿನ ಕಾಫಿ ತೋಟಗಳ ಮಣ್ಣುದಾರಿಗಳು ರ‍್ಯಾಲಿಗೆ ಹೆಸರಾದವು. 2013, 2016, 2017ರಲ್ಲಿ ಏಷ್ಯಾ ಪೆಸಿಫಿಕ್ ರ‍್ಯಾಲಿ ಚಾಂಪಿಯನ್ ಆದ ಗೌರವ್ ಗಿಲ್ ಅಂಥವರು ಅಲ್ಲಿ ಓಡಿದ್ದಾರೆ. ಮಣ್ಣಿನ ರ‍್ಯಾಲಿಯ ಕಾರು ನೆಲದಿಂದ ಎತ್ತರದಲ್ಲಿರುತ್ತದೆ. ಅದರ ಸಸ್ಪೆನ್ಷನ್ನಿಗೆ ಉದ್ದನೆಯ ಚಲನೆ, ಶಾಖ ತಾಳುವ ಡ್ಯಾಂಪರ್ ಇರುತ್ತವೆ. ನಮ್ಮ ಕಡೆಯ ರಸ್ತೆ ರೇಸ್ ಟ್ರ್ಯಾಕಿಗಿಂತ ಈ ಮಣ್ಣುದಾರಿಗೇ ಹತ್ತಿರ. ವೇಗ ಪರೀಕ್ಷಿಸುವ ಆಸೆಯಿದ್ದವರಿಗೂ ತಕ್ಕ ಜಾಗವೆಂದರೆ ಭಾರತೀಯ ಮೋಟಾರ್ ಸ್ಪೋರ್ಟ್ಸ್ ಕ್ಲಬ್‌ಗಳ ಒಕ್ಕೂಟದ ಮಾನ್ಯತೆಯಿರುವ ಆಟೋಕ್ರಾಸ್ ಸ್ಪರ್ಧೆಗಳು. ಹೊಲಕ್ಕೆ ಹೋಗುವವರು ನಡೆದಾಡುವ ರಸ್ತೆ ಅಲ್ಲ.

ಕಾನೂನು ಮತ್ತು ವಿಮೆ

ತಯಾರಕರ ಮೂಲ ವಿವರಗಳಿಗೆ ವಿರುದ್ಧವಾಗುವಂತೆ ವಾಹನ ಮಾರ್ಪಡಿಸುವುದನ್ನು 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮು ನಿಷೇಧಿಸುತ್ತದೆ; ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಇದನ್ನು ಎತ್ತಿಹಿಡಿದಿದೆ. 2019ರ ತಿದ್ದುಪಡಿಯಲ್ಲಿ ಬಂದ 182ಎ ಕಲಮಿನಡಿ ನಿಯಮ ಮೀರಿದ ಮಾಲೀಕರಿಗೆ ಆರು ತಿಂಗಳವರೆಗೆ ಸೆರೆ, ಅಥವಾ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ, ಅಥವಾ ಎರಡೂ ಆಗಬಹುದು. ಆದ್ದರಿಂದ ಕೊಳ್ಳುವ ಮುನ್ನವೇ ಪ್ರಾದೇಶಿಕ ಸಾರಿಗೆ ಕಚೇರಿಯಲ್ಲೂ ವಿಮಾ ಕಂಪನಿಯಲ್ಲೂ ವಿಚಾರಿಸಿ, ಉತ್ತರವನ್ನು ಬರಹದಲ್ಲಿ ಪಡೆಯಬೇಕು.

ಖರ್ಚಿನ ಅನುಕ್ರಮ

ಮೊದಲು ಒಳ್ಳೆಯ ಟೈರು, ಆಮೇಲೆ ಸವೆದ ಬುಶ್‌ಗಳ ಬದಲಾವಣೆ, ನಂತರ ಮೂಲ ಎತ್ತರದ ಗಟ್ಟಿ ಡ್ಯಾಂಪರ್, ಅದರ ಮೇಲೆ ಸರಿಯಾದ ಅಲೈನ್‌ಮೆಂಟ್. ಇಷ್ಟಾದ ಮೇಲೂ ಕೊರತೆ ಕಂಡರೆ ಮಾತ್ರ ಸ್ಪ್ರಿಂಗ್. ಹೀಗೆ ನಡೆದವರು ಒಂದೊಂದು ಹಂತದಲ್ಲೂ ಕಾರು ಎಷ್ಟು ಸುಧಾರಿಸಿತೆಂದು ತಾವೇ ಅಳೆಯಬಲ್ಲರು. ಎಷ್ಟೋ ಕಾರುಗಳಿಗೆ ನಾಲ್ಕನೆಯ ಹಂತದಾಚೆ ಏನೂ ಬೇಕಾಗುವುದಿಲ್ಲ.