ತಾರಾಮತಿಯ ಸೀರೆ ಮತ್ತು ಫಿಲ್ಮಿನ ಅಂಚು: ‘ರಾಜಾ ಹರಿಶ್ಚಂದ್ರ’ದ ಉಳಿದ ರೀಲುಗಳ ಕಾಲನಿರ್ಣಯ

ಪುಣೆಯ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯದಲ್ಲಿರುವ ‘ರಾಜಾ ಹರಿಶ್ಚಂದ್ರ’ದ 1,475 ಅಡಿ ಫಿಲ್ಮು 1913ರ ಮೂಲದ್ದೇ ಎಂದು ಹೇಳುವವರು ಇಂದಿಗೂ ಒಂದು ಕಾರಣವನ್ನು ಮುಂದಿಡುತ್ತಾರೆ: ಹರಿಶ್ಚಂದ್ರನ ರಾಣಿ ತಾರಾಮತಿಯ ಸೀರೆಯೊಳಗಿರುವುದು ಗಂಡಸು. ಚಿತ್ರ ತೆಗೆದ ಫಾಲ್ಕೆಯವರಿಗೆ ಆಗ ನಟಿಯರು ಸಿಗಲಿಲ್ಲ, ಹೋಟೆಲಿನಲ್ಲಿ ಅಡುಗೆ ಮಾಡುತ್ತಿದ್ದ ಸಾಳುಂಕೆ ಎಂಬವನಿಗೆ ಸೀರೆ ಉಡಿಸಿದರು. ತುಣುಕಿನಲ್ಲಿ ಕಾಣುವುದೂ ಅದೇ. ಆದ್ದರಿಂದ ಇದು 1913. ಈ ಮಾತನ್ನು ವಿಚಾರಸಂಕಿರಣದಲ್ಲಿ ಕೇಳಿದ್ದೇನೆ, ಕನ್ನಡದ ಲೇಖನಗಳಲ್ಲೂ ಓದಿದ್ದೇನೆ. ಪ್ರತಿ ಸಲವೂ ಸಭೆ ತಲೆದೂಗಿದೆ.

ತಲೆದೂಗುವವರು ಒಂದು ಗಳಿಗೆ ‘ಲಂಕಾ ದಹನ’ವನ್ನು ನೆನೆಯಲಿ. 1917ರ ಆ ಚಿತ್ರದಲ್ಲಿ ರಾಮನೂ ಸಾಳುಂಕೆ, ಸೀತೆಯೂ ಸಾಳುಂಕೆ. ಅಷ್ಟು ಹೊತ್ತಿಗೆ ದುರ್ಗಾಬಾಯಿ ಕಾಮತ್, ಕಮಲಾಬಾಯಿ ತಾಯಿಮಗಳು ನಾಸಿಕದಲ್ಲಿ ತೆಗೆದ ‘ಮೋಹಿನಿ ಭಸ್ಮಾಸುರ’ದಲ್ಲಿ ಅಭಿನಯಿಸಿ ವರ್ಷಗಳೇ ಕಳೆದಿದ್ದವು. ಹೆಂಗಸರು ಸಿಕ್ಕಿದ ಮೇಲೂ ಫಾಲ್ಕೆ ಗಂಡಸಿಗೆ ಸೀರೆ ಉಡಿಸಿದ್ದಾರೆ. ಅದೇ 1917ರಲ್ಲಿ ಅವರು ನಾಸಿಕದಲ್ಲಿ ಹರಿಶ್ಚಂದ್ರನ ಕಥೆಯನ್ನು ಎರಡನೆಯ ಸಲ ತೆಗೆದರು. ಹಾಗಾಗಿ ಕೇಳಬೇಕಾದ ಪ್ರಶ್ನೆ ಇದು: ಉಳಿದ ತುಣುಕು 1913ರ, ಮುಂಬಯಿಯ ದಾದರಿನದೋ, 1917ರ ನಾಸಿಕದ್ದೋ? ಸೀರೆ ಇದಕ್ಕೆ ಉತ್ತರ ಹೇಳದು.

ರಾಘವಾಂಕನ ‘ಹರಿಶ್ಚಂದ್ರ ಕಾವ್ಯ’ದ ಓಲೆಗರಿ ಕೈಗೆ ಸಿಕ್ಕಿದರೆ ಯಾವ ಸಂಪಾದಕರೂ ಗರಿಯ ವಯಸ್ಸನ್ನು ಕಾವ್ಯದ ವಯಸ್ಸೆಂದು ಬರೆಯುವುದಿಲ್ಲ. ಪ್ರತಿಕಾರ ಯಾರು, ಯಾವ ಮಾತೃಕೆ ನೋಡಿ ಬರೆದ, ಎಷ್ಟನೆಯ ಕೈ ಎಂದು ಮೊದಲು ಕೇಳುತ್ತಾರೆ. ಸಿನಿಮಾ ಇತಿಹಾಸಕ್ಕೆ ಬಂದ ಕೂಡಲೇ ಆ ಶಿಸ್ತು ಎಲ್ಲಿ ಹೋಗುತ್ತದೆಯೋ ಕಾಣೆ. (ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನಾ’ದ ಒಂದು ರೀಲೂ ಕೈಯಲ್ಲಿಲ್ಲದ ನಾವು ಇಂಥ ವಿಷಯದಲ್ಲಿ ಇನ್ನೂ ಎಚ್ಚರವಾಗಿರಬೇಕಿತ್ತು.)

ಕಪ್ಪು-ಬಿಳುಪು ಫಿಲ್ಮಿನಲ್ಲಿ ಈಗಲೂ ಫೋಟೊ ತೆಗೆಯುವವರಿಗೆ ಈ ಪಾಠ ಹೊಸದಲ್ಲ. ಡಬ್ಬಿಯ ಮೇಲಿನ ಹೆಸರು ಮಾರುವವನದು, ಒಳಗಿನ ಎಮಲ್ಷನ್ ಲೇಪಿಸಿದವನದು. ಅಮೆರಿಕದಲ್ಲಿ ಅರಿಸ್ಟಾ ಇಡಿಯು ಅಲ್ಟ್ರಾ ಎಂದು ಮಾರಾಟವಾಗುವುದು ಚೆಕ್ ದೇಶದ ಫೋಮಾದವರ ಫಿಲ್ಮು. ವೋಲ್ಫೆನ್ ಕಾರ್ಖಾನೆಯ ಫಿಲ್ಮು 1964ರವರೆಗೆ ಆಗ್ಫಾ, ಆಮೇಲೆ ಆರ್ವೋ. ಕಾರ್ಖಾನೆ ಅಲ್ಲೇ ಇತ್ತು, ಡಬ್ಬಿ ಬದಲಾಯಿತು. ನಮ್ಮ ಊಟಿಯ ಹಿಂದೂಸ್ತಾನ್ ಫೋಟೊ ಫಿಲ್ಮ್ಸ್ ಫ್ರಾನ್ಸಿನ ಬೋಶೆಯವರಿಂದ ತಂತ್ರಜ್ಞಾನ ಪಡೆದು ಕಪ್ಪು-ಬಿಳುಪು ‘ಇಂದು’ ಫಿಲ್ಮನ್ನು ತಾನೇ ಲೇಪಿಸಿತು. ಬಣ್ಣದ್ದನ್ನು ಹೊರದೇಶದಿಂದ ಜಂಬೊ ರೋಲಾಗಿ ತರಿಸಿ ಸೀಳಿ, ತೂತು ಹೊಡೆದು, ಅದೇ ಹೆಸರಿನಲ್ಲಿ ಕೊಟ್ಟಿತು. ಹೆಸರು ಒಂದು, ಹುಟ್ಟು ಎರಡು. ಫಾಲ್ಕೆಯವರ ಹರಿಶ್ಚಂದ್ರನದೂ ಇದೇ ಕಥೆ.

ಡಬ್ಬಿಯನ್ನು ನಂಬದವರು ನೋಡುವುದು ಅಂಚನ್ನು. ಈ ವಿದ್ಯೆಯಲ್ಲಿ ನನ್ನ ಗುರು, ಮುಖ ನೋಡದ ಗುರು, ಬ್ರಿಟನ್ನಿನ ರಾಷ್ಟ್ರೀಯ ಚಲನಚಿತ್ರ ಭಂಡಾರದಲ್ಲಿದ್ದ ಹೆರಾಲ್ಡ್ ಬ್ರೌನ್. ಹಳೆಯ ಫಿಲ್ಮುಗಳ ಭೌತಿಕ ಲಕ್ಷಣಗಳ ಬಗ್ಗೆ ಅವರು ಬರೆದ ಕಿರುಹೊತ್ತಗೆ 1990ರಲ್ಲಿ ಬಂತು. ನಟನಟಿಯರ ಮೇಲೆ ಬಂದ ಹತ್ತು ದಪ್ಪ ಸಂಪುಟಗಳಿಗಿಂತ ಅದರ ತೂಕ ಹೆಚ್ಚು. ಕೊಡಾಕ್ 1916ರಿಂದ ಫಿಲ್ಮಿನ ಅಂಚಿನಲ್ಲಿ ವರ್ಷದ ಗುರುತು ಹಾಕತೊಡಗಿತು: 1916ಕ್ಕೆ ವೃತ್ತ, 1917ಕ್ಕೆ ಚೌಕ, 1918ಕ್ಕೆ ತ್ರಿಕೋನ. ಫಾಲ್ಕೆ 1912ರಲ್ಲಿ ಲಂಡನ್ನಿಗೆ ಹೋದಾಗ ಕೇಳಿದ್ದೂ ಕೊಡಾಕ್ ಕಚ್ಚಾ ಫಿಲ್ಮನ್ನೇ. ಅಂದಮೇಲೆ ಅಂಚಿನಲ್ಲಿ ಚೌಕ ಕಂಡರೆ 1917, ಏನೂ ಕಾಣದಿದ್ದರೆ 1913, ವಿಷಯ ಮುಗಿಯಿತು ಎಂದು ನನ್ನ ಮಿತ್ರರೊಬ್ಬರು ಮೇಜು ಕುಟ್ಟಿದರು.

ಮುಗಿಯಲಿಲ್ಲ. ನಮ್ಮ ಶಾಸನಗಳಲ್ಲಿ ಶಕವರ್ಷವಿಲ್ಲದೆ ಬರೀ ಸಂವತ್ಸರದ ಹೆಸರಿದ್ದರೆ ಆಗುವ ಪೇಚಾಟವೇ ಇಲ್ಲೂ ಆಗುತ್ತದೆ. ಸಂವತ್ಸರ 60 ವರ್ಷಕ್ಕೊಮ್ಮೆ ಮರಳಿದರೆ ಕೊಡಾಕಿನ ಗುರುತು 20 ವರ್ಷಕ್ಕೊಮ್ಮೆ ಮರಳುತ್ತದೆ. ಚೌಕ 1917ಕ್ಕೂ ಹೌದು, 1937ಕ್ಕೂ, 1957ಕ್ಕೂ. ಬೇಗ ಬೆಂಕಿ ಹಿಡಿಯುವ ಹಳೆಯ ನೈಟ್ರೇಟ್ ಫಿಲ್ಮಿನ ತಯಾರಿಕೆಯನ್ನು ಕೊಡಾಕ್ 1950ರ ದಶಕದ ಆರಂಭದಲ್ಲೇ ಬಿಟ್ಟಿದ್ದರಿಂದ, ನೈಟ್ರೇಟ್ ಪಟ್ಟಿಯ ವಿಷಯದಲ್ಲಿ 1957ನ್ನು ಕೈಬಿಡಬಹುದು. 1937ನ್ನು ಹಾಗೆ ಬಿಡಲಾಗದು. ಆ ವರ್ಷ ಫಾಲ್ಕೆ ಬದುಕಿದ್ದರು, ಅವರ ‘ಗಂಗಾವತರಣ’ ಬಿಡುಗಡೆಯಾಗಿತ್ತು. ಹಳೆಯ ನೆಗೆಟಿವ್ ಉಳಿದಿದ್ದರೆ ಅದರಿಂದ ಆಗ ಹೊಸ ಪ್ರಿಂಟು ತೆಗೆದಿರಬಹುದು. ಇಲ್ಲಿ ನೆರವಿಗೆ ಬರುವುದು ತೂತಿನ ಆಕಾರ. ಪಾಸಿಟಿವ್ ಫಿಲ್ಮಿಗೆ ಮೂಲೆ ದುಂಡಗಿರುವ ಆಯತದ ತೂತು ಬಂದದ್ದು 1920ರ ದಶಕದಲ್ಲಿ. ಅದಕ್ಕೆ ಮೊದಲಿನ ತೂತಿಗೆ ಮೇಲೆ ಕೆಳಗೆ ನೇರ ಗೆರೆ, ಎರಡು ಪಕ್ಕಕ್ಕೆ ಉಬ್ಬು. ಚೌಕದ ಜೊತೆ ಆಯತದ ತೂತಿದ್ದರೆ ಅದು 1917ರ ಪ್ರಿಂಟಲ್ಲ.

ಇದಕ್ಕಿಂತ ದೊಡ್ಡ ತಪ್ಪು ಗುರುತು ಯಾವ ಪೀಳಿಗೆಯದು ಎಂದು ಕೇಳದೆ ಓದುವುದು. ಕಾರ್ಖಾನೆ ಅಂಚಿಗೆ ಬೆಳಕು ತಾಗಿಸಿ ಮೂಡಿಸಿದ ಗುರುತು ಫಿಲ್ಮನ್ನು ತೊಳೆದಾಗ ಕಪ್ಪಾಗಿ ಬರುತ್ತದೆ. ಆ ನೆಗೆಟಿವಿನಿಂದ ಅಂಚು ಮುಚ್ಚದೆ ಪ್ರಿಂಟು ಹಾಕಿದರೆ ಅದೇ ಗುರುತು ಕಪ್ಪು ಅಂಚಿನ ಮೇಲೆ ಬಿಳಿಯಾಗಿ ಕಾಣುತ್ತದೆ. ಬಿಳಿ ಚೌಕ ನೆಗೆಟಿವಿನ ಹುಟ್ಟು ಹೇಳುತ್ತದೆ, ಕರಿ ಚೌಕ ಪ್ರಿಂಟಿನ ಹುಟ್ಟು. ಪ್ರಿಂಟಿನಿಂದ ಮತ್ತೆ ನೆಗೆಟಿವ್, ಅದರಿಂದ ಮತ್ತೆ ಪ್ರಿಂಟು ಎಂದು ಹೋದಂತೆ ಕಪ್ಪು ಬಿಳುಪು ಅದಲುಬದಲಾಗುತ್ತಾ ಗುರುತಿನ ಗೆರೆ ಮಸಕಾಗುತ್ತದೆ. ಚೂಪಾದ ಕರಿ ಗುರುತು ಆ ಪಟ್ಟಿಯ ಸ್ವಂತದ್ದು. ಮಸಕಾದದ್ದು ಅಜ್ಜನ ಕಾಲದ್ದು. ಇದನ್ನು ಬೇರ್ಪಡಿಸದೆ ‘ಚೌಕ ಕಂಡೆ’ ಎಂದು ಬರೆಯುವುದು, ಪ್ರತಿಕಾರನ ಹೆಸರನ್ನು ಕವಿಯ ಹೆಸರೆಂದು ಅಚ್ಚು ಹಾಕಿಸಿದಂತೆ.

ಬಿಳಿ ಚೌಕವೇ ಸಿಕ್ಕಿತೆನ್ನೋಣ. 1917ರಲ್ಲಿ ಲೇಪಿಸಿದ ನೆಗೆಟಿವಿನಲ್ಲಿ 1913ರ ದೃಶ್ಯ ನೇರವಾಗಿ ಸೆರೆಯಾಗಲು ಸಾಧ್ಯವಿಲ್ಲ, ಹಳೆಯ ಪ್ರಿಂಟಿನಿಂದ ನಕಲು ಮಾಡಿದ್ದರ ಹೊರತು. ಏನೂ ಸಿಗಲಿಲ್ಲವೆಂದರೆ 1913 ಸಾಬೀತಾಯಿತೇ? ಇಲ್ಲ. ಅಂಚನ್ನು ಮುಚ್ಚಿ ಪ್ರಿಂಟು ಹಾಕಿರಬಹುದು, 1915ರ ದಾಸ್ತಾನನ್ನು 1917ರಲ್ಲಿ ಬಳಸಿರಬಹುದು. ಅಂಚಿನ ಗುರುತು 1913ರ ಪಕ್ಷವನ್ನು ಸೋಲಿಸಬಲ್ಲದು, ಗೆಲ್ಲಿಸಲಾರದು. 1917ರ ಪಕ್ಷದ ನಮ್ಮವರಿಗೂ ಒಂದು ಮಾತು (ನಾನೂ ಅತ್ತಲೇ ವಾಲಿದವನು): ಎದುರಾಳಿಯ ವಾದ ಬಿದ್ದ ಮಾತ್ರಕ್ಕೆ ನಮ್ಮದು ನಿಂತಂತಾಗುವುದಿಲ್ಲ.

ಆದ್ದರಿಂದ ನಾನು ಅಂಚಿನ ಗುರುತಿಗಿಂತ ತೂತನ್ನು ನಂಬುತ್ತೇನೆ. ಫಾಲ್ಕೆ ಲಂಡನ್ನಿನಲ್ಲಿ ವಿಲಿಯಮ್ಸನ್ ಕ್ಯಾಮೆರಾದ ಜೊತೆಗೆ ಪರ್ಫೊರೇಟರನ್ನೂ ಕೊಂಡಿದ್ದರು. ಕಚ್ಚಾ ಫಿಲ್ಮು ತೂತಿಲ್ಲದೆ ಬರುತ್ತಿತ್ತು. ದಾದರಿನ ಮನೆಯಲ್ಲಿ ತೂತು ಹೊಡೆಯುವುದನ್ನು ಕಲಿತು ಮಾಡಿದವರು ಅವರ ಹೆಂಡತಿ ಸರಸ್ವತಿಬಾಯಿ. ಅದೂ ಕತ್ತಲಲ್ಲಿ, ಬೆರಳಿನ ಅಂದಾಜಿನಲ್ಲಿ. ಇಂಥ ಪುಟ್ಟ ಯಂತ್ರದಲ್ಲಿ ಒಂದು ಹಲ್ಲು ಸವೆದರೆ ಆ ಸವೆತ ಅಷ್ಟಷ್ಟು ತೂತಿಗೊಮ್ಮೆ ಮರಳುತ್ತದೆ. ಫಿಲ್ಮು ಒಂದಿಷ್ಟು ಜಾರಿದರೆ ಎರಡು ತೂತಿನ ನಡುವಿನ ಅಂತರ ಬದಲಾಗುತ್ತದೆ. ಕೈಬರಹದಷ್ಟೇ ಖಾಸಗಿಯಾದ ಗುರುತು ಇದು. ಕುಗ್ಗಿದ ನೈಟ್ರೇಟನ್ನು ಹೊಸ ಫಿಲ್ಮಿಗೆ ಒತ್ತಿ ಪ್ರಿಂಟು ಹಾಕುವಾಗ ಎರಡರ ತೂತುಗಳು ಪೂರ್ತಿ ಹೊಂದುವುದಿಲ್ಲ. ಹೊಸ ತೂತಿನ ಮಗ್ಗುಲಲ್ಲಿ ಹಳೆಯದರ ನೆರಳು ಉಗುರಿನ ಗೆರೆಯಷ್ಟು ಇಣುಕುತ್ತದೆ. ಅಂಚು ಮುಚ್ಚದಿದ್ದರೆ ಅದು ಓದಲು ಸಿಗುತ್ತದೆ.

ಹೋಲಿಕೆಗೆ ‘ಲಂಕಾ ದಹನ’ದ ತುಣುಕು ಇದೆ, 1919ರ ‘ಕಾಳಿಯ ಮರ್ದನ’ ಬಹುಪಾಲು ಉಳಿದಿದೆ. ಎರಡೂ ನಾಸಿಕದವೇ. ಹರಿಶ್ಚಂದ್ರನ ತೂತಿನ ನೆರಳು ‘ಲಂಕಾ ದಹನ’ದ ನೆರಳಿಗೆ ಹಲ್ಲಿಗೆ ಹಲ್ಲು ಕೂಡಿದರೆ ನಾಸಿಕದ ಪಕ್ಷಕ್ಕೆ ಮೊದಲ ಗಟ್ಟಿ ಆಧಾರ ಸಿಕ್ಕಂತೆ. ಯಂತ್ರವೇ ದಾದರಿನಿಂದ ನಾಸಿಕಕ್ಕೆ ಬಂದಿರಬಹುದಲ್ಲ ಎಂಬ ಆಕ್ಷೇಪ ನ್ಯಾಯವಾದದ್ದು. ಆದರೆ ನಾಲ್ಕು ವರ್ಷ ದುಡಿದ ಹಲ್ಲು ಹೊಸ ಹಲ್ಲಿನಂತೆ ಕತ್ತರಿಸುವುದಿಲ್ಲ.

ಫಾಲ್ಕೆಯವರ ಮನೆಯವರಿಂದ ಈ ರೀಲುಗಳನ್ನು ಪಡೆದು ಉಳಿಸಿದವರು ಸಂಗ್ರಹಾಲಯದ ಪಿ.ಕೆ. ನಾಯರ್, ಅವರಿಲ್ಲದಿದ್ದರೆ ಜಗಳವಾಡಲು ಏನೂ ಇರುತ್ತಿರಲಿಲ್ಲ. 2003ರ ಜನವರಿಯಲ್ಲಿ ಪುಣೆಯಲ್ಲಿ ನೈಟ್ರೇಟ್ ದಾಸ್ತಾನಿಗೆ ಬೆಂಕಿ ಬಿತ್ತು. ಸುಟ್ಟದ್ದರಲ್ಲಿ ಫಾಲ್ಕೆಯವರ ರೀಲುಗಳೂ ಇದ್ದವೆಂದು ಆಗಿನ ಪತ್ರಿಕೆಗಳು ಬರೆದವು. ಈಗ ಸಾಕ್ಷಿ ಹೇಳಬೇಕಾದದ್ದು ಸೇಫ್ಟಿ ಫಿಲ್ಮಿನ ನಕಲುಗಳ ಅಂಚು. ಎಲ್ಲರ ಮೊಬೈಲಿನಲ್ಲೂ ಓಡುವ ಹರಿಶ್ಚಂದ್ರನಲ್ಲಿ ಆ ಅಂಚಿಲ್ಲ, ಚೌಕಟ್ಟಿಗೆ ಸರಿಯಾಗಿ ಕತ್ತರಿಸಿ ತೆಗೆದಿದ್ದಾರೆ. ಮುಂದಿನ ಸಲ ಆ ನಕಲನ್ನು ಸ್ಕ್ಯಾನಿಗೆ ಏರಿಸುವವರಲ್ಲಿ ನನ್ನ ಬೇಡಿಕೆ ಒಂದೇ: ಗೇಟನ್ನು ಎರಡೂ ಕಡೆ ಪೂರ್ತಿ ತೆರೆದಿಡಿ, ಮೊದಲ ತೂತಿನಿಂದ ಕೊನೆಯ ತೂತಿನವರೆಗೆ.